ಕಿತ್ತಳೆ ಬಣ್ಣದ ಶಂಕು

ರಸ್ತೆಯನ್ನು ಅಗೆದು ದುರಸ್ತಿ ಮಾಡುವೆಡೆಯಲ್ಲಿ ಕಿತ್ತಳೆ ಮತ್ತು ಬಿಳಿಯ ಪಟ್ಟೆಗಳ ಶಂಕುಗಳನ್ನು ಸಾಲಾಗಿ ನಿಲ್ಲಿಸಿರುವುದನ್ನು ಕಾಣದವರಾರು? ‘ಇಲ್ಲಿ ಕೆಲಸ ನಡೆಯುತ್ತಿದೆ, ಎಚ್ಚರ’ ಎಂಬುದು ಅವುಗಳ ಮೂಕ ಸಂದೇಶ. ಅದೇ ಶಂಕುವಿನ ಕಿರುಚಿತ್ರವೊಂದು ಜಗತ್ತಿನ ಕೋಟ್ಯಂತರ ಕಂಪ್ಯೂಟರುಗಳ ತೆರೆಯ ಮೇಲೂ ಬಹುಕಾಲದಿಂದ ಕುಳಿತಿದೆ. ಮಗಳ ಮದುವೆಯ ವಿಡಿಯೊ ಆಗಲಿ, ಹಳೆಯ ಚಲನಚಿತ್ರವಾಗಲಿ, ಇತರ ತಂತ್ರಾಂಶಗಳೆಲ್ಲ ‘ಇದು ನಮ್ಮಿಂದಾಗದು’ ಎಂದು ಕೈಚೆಲ್ಲಿದಾಗ ಜನ ಕೊನೆಗೆ ಮೊರೆಹೋಗುವುದು ಈ ಶಂಕುವಿಗೇ. ಅದರ ಹೆಸರು ವಿ.ಎಲ್.ಸಿ. ಅದಕ್ಕೆ ಬೆಲೆಯಿಲ್ಲ, ಅದರಲ್ಲಿ ಜಾಹೀರಾತಿನ ಕಾಟವಿಲ್ಲ. ಅದನ್ನು ರೂಪಿಸಿದ ಆದೇಶಗಳ ಬರಹವೂ ಬೀಗಮುದ್ರೆಯಿಲ್ಲದೆ ತೆರೆದಿಟ್ಟ ಪುಸ್ತಕದಂತಿದ್ದು, ಬಲ್ಲವರು ಯಾರು ಬೇಕಾದರೂ ಓದಬಹುದು, ತಿದ್ದಬಹುದು.

ಇಂಥ ವಸ್ತು ಯಾವುದೋ ದೊಡ್ಡ ಸಂಸ್ಥೆಯ ಪ್ರಯೋಗಾಲಯದಲ್ಲಿ ಹುಟ್ಟಿರಬೇಕೆಂದು ಭಾವಿಸುವುದು ಸಹಜ. ಅದು ಹುಟ್ಟಿದ್ದು ಮಾತ್ರ ಒಂದು ವಿದ್ಯಾರ್ಥಿನಿಲಯದಲ್ಲಿ, ಅದೂ ಹುಡುಗರ ಆಟದ ಚಪಲದಿಂದ.

ಪ್ಯಾರಿಸ್ ನಗರದ ದಕ್ಷಿಣಕ್ಕೆ ಶಾತ್ನೇ-ಮಲಬ್ರಿ ಎಂಬ ಊರಿದೆ. ಫ್ರಾನ್ಸಿನ ಹೆಸರಾಂತ ಎಂಜಿನಿಯರಿಂಗ್ ವಿದ್ಯಾಲಯವಾದ ಎಕೋಲ್ ಸೆಂಟ್ರಾಲ್ ಆಗ ಅಲ್ಲಿತ್ತು. ಅಲ್ಲಿಯ ನಿಲಯದ ಕಂಪ್ಯೂಟರ್ ಜಾಲವನ್ನು ನೋಡಿಕೊಳ್ಳುತ್ತಿದ್ದುದು ‘ವಿಯಾ’ ಎಂಬ ವಿದ್ಯಾರ್ಥಿ ಸಂಘ. ಜಾಲವೋ ಹಳೆಯ ಟೋಕನ್ ರಿಂಗ್ ಪದ್ಧತಿಯದು. ಯಂತ್ರಗಳೆಲ್ಲ ಒಂದು ಬಳೆಯಂತೆ ಜೋಡಣೆಗೊಂಡು, ಒಂದು ‘ಬಿಲ್ಲೆ’ ಕೈಯಿಂದ ಕೈಗೆ ಸುತ್ತುತ್ತಿರುತ್ತದೆ. ಬಿಲ್ಲೆ ಯಾರ ಬಳಿ ಬಂತೋ ಆ ಯಂತ್ರಕ್ಕೆ ಮಾತ್ರ ಮಾತನಾಡುವ ಅವಕಾಶ. ಶಿಸ್ತಿನ ಏರ್ಪಾಡೇನೋ ಹೌದು. ಆದರೆ ರಾತ್ರಿಯೆಲ್ಲ ಪರಸ್ಪರ ಕಂಪ್ಯೂಟರ್ ಆಟವಾಡಬೇಕೆನ್ನುವ ತರುಣರಿಗೆ ಅದು ಎತ್ತಿನ ಗಾಡಿ. ವೇಗದ ಜಾಲ ಬೇಕು. ಆಟಕ್ಕೆಂದು ಕೇಳಿದರೆ ಹಣ ಕೊಡುವವರು ಯಾರು? ಆಗ ಹೊಳೆದದ್ದು ಟೆಲಿವಿಷನ್ನಿನ ಉಪಾಯ. ಕೋಣೆಗೊಂದು ಡಿಶ್ ನಿಲ್ಲಿಸುವ ಬದಲು ಇಡೀ ನಿಲಯಕ್ಕೆ ಒಂದೇ ಡಿಶ್ ಇಟ್ಟು, ಉಪಗ್ರಹದಿಂದ ಬಂದ ಚಿತ್ರವನ್ನು ಜಾಲದ ಮೂಲಕ ಎಲ್ಲ ಕಂಪ್ಯೂಟರುಗಳಿಗೂ ಹಂಚಿದರೆ ಹೇಗೆ? ಅದಕ್ಕೆ ಹೊಸ ಜಾಲ ಬೇಕೇ ಬೇಕಾಗುತ್ತದೆ! ಪ್ರಾಯೋಜಕರು ಒಪ್ಪಿದರು. ೧೯೯೬ರಲ್ಲಿ ‘ವಿಡಿಯೊಲ್ಯಾನ್’ ಯೋಜನೆ ಹೀಗೆ ಆರಂಭವಾಯಿತು. ಚಿತ್ರವನ್ನು ಕಳುಹಿಸುವ ತಂತ್ರಾಂಶ ಒಂದು, ಅದನ್ನು ಸ್ವೀಕರಿಸಿ ತೋರಿಸುವ ತಂತ್ರಾಂಶ ಇನ್ನೊಂದು. ಈ ಎರಡನೆಯದೇ ‘ವಿಡಿಯೊಲ್ಯಾನ್ ಕ್ಲೈಂಟ್’, ಸಂಕ್ಷೇಪವಾಗಿ ವಿ.ಎಲ್.ಸಿ. ‘ವಿಯಾ’ ಸಂಘದ ಹುಡುಗರು ಬೀದಿಯ ಶಂಕುಗಳನ್ನು ತಂದು ಕೂಡಿಹಾಕುತ್ತಿದ್ದರಂತೆ. ಲಾಂಛನ ಬಂದದ್ದು ಅಲ್ಲಿಂದ. ಆ ಸಂಗ್ರಹಕ್ಕೆ ನಗರಸಭೆಯ ಅನುಮತಿ ಇತ್ತೇ ಎಂದು ಕೇಳದಿರುವುದೇ ಲೇಸು.

೧೯೯೮ರಲ್ಲಿ ಮೊದಲ ಬರಹವನ್ನು ಬದಿಗಿಟ್ಟು ಎಲ್ಲವನ್ನೂ ಹೊಸದಾಗಿ ಬರೆಯಲಾಯಿತು. ೨೦೦೧ರ ಫೆಬ್ರವರಿ ೧ರಂದು, ವಿದ್ಯಾಲಯದ ಒಪ್ಪಿಗೆ ದೊರೆತು, ತಂತ್ರಾಂಶ ಜಿ.ಪಿ.ಎಲ್. ಎಂಬ ಸಾರ್ವಜನಿಕ ಪರವಾನಗಿಯಡಿ ಲೋಕಾರ್ಪಣೆಯಾಯಿತು. ಅಂದಿನಿಂದ ಹಲವು ದೇಶಗಳ ಜನ ಅದರ ಬರಹಕ್ಕೆ ಕೈಹಾಕತೊಡಗಿದರು.

ಹುಟ್ಟುಗುಣ ಸುಟ್ಟರೂ ಹೋಗದೆನ್ನುವುದು ತಂತ್ರಾಂಶಕ್ಕೂ ಸಲ್ಲುತ್ತದೆ. ಜಾಲದಲ್ಲಿ ಬರುವ ಚಿತ್ರ ತುಣುಕು ತುಣುಕಾಗಿ ಬರುತ್ತದೆ. ದಾರಿಯಲ್ಲಿ ಕೆಲವು ತುಣುಕುಗಳು ಕಳೆದುಹೋಗುವುದೂ ಉಂಟು. ಅಂಥ ಹರಿವನ್ನು ತೋರಿಸಲೆಂದೇ ಹುಟ್ಟಿದ ವಿ.ಎಲ್.ಸಿ.ಗೆ, ಸಿಕ್ಕಷ್ಟನ್ನು ಸಂಭಾಳಿಸಿಕೊಂಡು ಮುಂದೆ ಸಾಗುವ ಅಭ್ಯಾಸ ಬಾಲ್ಯದಲ್ಲೇ ಬೆಳೆಯಿತು. ಅರ್ಧ ಇಳಿಸಿಕೊಂಡ, ಅಲ್ಲಲ್ಲಿ ಕೆಟ್ಟ ಕಡತವನ್ನೂ ಅದು ಆಡಿಸಿ ತೋರಿಸುವುದರ ಗುಟ್ಟು ಇದೇ. ಇನ್ನೊಂದು ಗುಟ್ಟು, ಬಿಗಿದು ಕಟ್ಟಿದ ಚಿತ್ರಗಳ ಗಂಟು ಬಿಚ್ಚುವ ವಿದ್ಯೆಯನ್ನು ಅದು ತನ್ನೊಳಗೇ ಇಟ್ಟುಕೊಂಡಿರುವುದು. ಚಿತ್ರಗಳನ್ನು ಇದ್ದಂತೆಯೇ ಕಾಪಿಟ್ಟರೆ ಜಾಗ ಸಾಲದು; ಆದ್ದರಿಂದ ಒಂದು ಚೌಕಟ್ಟಿಗೂ ಮುಂದಿನದಕ್ಕೂ ಇರುವ ವ್ಯತ್ಯಾಸವನ್ನಷ್ಟೇ ಬರೆದಿಡುವಂಥ ಹಲವು ಪದ್ಧತಿಗಳಿವೆ. ಒಂದೊಂದು ಪದ್ಧತಿಗೂ ಬೇರೆ ಬೇರೆ ಬಿಡಿಸುವ ಉಪಕರಣ ಬೇಕು. ಇತರ ತಂತ್ರಾಂಶಗಳ ಬಳಕೆದಾರರು ಆ ಉಪಕರಣಗಳನ್ನು ಊರೆಲ್ಲ ಹುಡುಕುತ್ತಿದ್ದ ಕಾಲದಲ್ಲಿ, ಎಫ್‌ಎಫ್‌ಎಂಪೆಗ್ ಎಂಬ ಮತ್ತೊಂದು ಮುಕ್ತ ಯೋಜನೆಯ ನೆರವಿನಿಂದ ವಿ.ಎಲ್.ಸಿ. ಅವನ್ನೆಲ್ಲ ಒಂದೇ ಚೀಲದಲ್ಲಿ ಹೊತ್ತು ಬಂತು.

ಆದರೆ ವಿದ್ಯಾರ್ಥಿಗಳು ಪದವಿ ಪಡೆದು ಹೊರಟುಹೋಗುವವರೇ. ಹೊಸಬರು ಬರದಿದ್ದರೆ ಮನೆ ಪಾಳುಬೀಳಬೇಕಾದದ್ದೇ. ಅಂಥದೊಂದು ಕ್ಷೀಣಕಾಲದಲ್ಲಿ ಅದೇ ವಿದ್ಯಾಲಯದಲ್ಲಿ ಓದಿದ ಜಾನ್-ಬಾಪ್ತಿಸ್ತ್ ಕೆಂಪ್ ಮತ್ತು ಜೊತೆಗಾರರು ಕೆಲಸವನ್ನು ಕೈಗೆತ್ತಿಕೊಂಡರು. ೨೦೦೯ರಲ್ಲಿ ವಿಡಿಯೊಲ್ಯಾನ್ ವಿದ್ಯಾಲಯದ ಆಶ್ರಯ ಬಿಟ್ಟು, ಲಾಭಾಪೇಕ್ಷೆಯಿಲ್ಲದ ಸ್ವತಂತ್ರ ಸಂಘವಾಯಿತು. ಅದೇ ವರ್ಷ ಜುಲೈಯಲ್ಲಿ ೧.೦ ಆವೃತ್ತಿ ಹೊರಬಂದಿತು.

ಮುಂದಿನ ಬದಲಾವಣೆ ತೆರೆಯ ಮೇಲೆ ಕಾಣುವಂಥದಲ್ಲ; ಆದರೆ ಈ ಕಥೆಯಲ್ಲಿ ಅದರಷ್ಟು ತೊಡಕಿನದು ಬೇರೊಂದಿಲ್ಲ. ಜಿ.ಪಿ.ಎಲ್. ಪರವಾನಗಿಯ ಸಾರ ಇಷ್ಟು: ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಿ; ಆದರೆ ತಿದ್ದಿ ಹಂಚುವವನು ತನ್ನ ತಿದ್ದುಪಡಿಯ ಬರಹವನ್ನೂ ಅದೇ ಷರತ್ತಿನ ಮೇಲೆ ಇತರರಿಗೆ ಒಪ್ಪಿಸಬೇಕು. ೨೦೧೦ರಲ್ಲಿ ಬೇರೊಂದು ಸಂಸ್ಥೆ ಆಪಲ್‌ನ ಐಪ್ಯಾಡಿಗಾಗಿ ವಿ.ಎಲ್.ಸಿ.ಯನ್ನು ಅಳವಡಿಸಿ ಆಪಲ್ ಮಳಿಗೆಯಲ್ಲಿ ಇರಿಸಿತು. ಮಳಿಗೆಯ ನಿಬಂಧನೆಗಳಿಗೂ ಪರವಾನಗಿಗೂ ಹೊಂದಿಕೆಯಿಲ್ಲವೆಂದು ವಿ.ಎಲ್.ಸಿ.ಯ ಹಿರಿಯ ನಿರ್ಮಾಪಕರಲ್ಲೊಬ್ಬರೇ ಆಕ್ಷೇಪವೆತ್ತಿದರು. ೨೦೧೧ರ ಜನವರಿಯಲ್ಲಿ ಅದು ಮಳಿಗೆಯಿಂದ ಮರೆಯಾಯಿತು. ಜನರ ಕೈಗೆ ಬಂದುದನ್ನು ಕಿತ್ತುಕೊಂಡಂತಾಯಿತೆಂದು ಜರೆದವರುಂಟು. ಹಾಗೆ ಜರೆಯುವುದು ಸುಲಭ. ಕೊಟ್ಟ ಮಾತಿನಂತೆ ಷರತ್ತು ನಡೆಯಬೇಕೆಂದು ಕೇಳಿದವನ ಪಕ್ಷವೂ ಹಗುರವಾದುದಲ್ಲ.

ಸಂಘ ಅದಾಗಲೇ ಪರವಾನಗಿಯನ್ನು ಸಡಿಲಿಸುವ ದಾರಿ ಹುಡುಕತೊಡಗಿತ್ತು. ವಿ.ಎಲ್.ಸಿ.ಯ ಯಂತ್ರಭಾಗವನ್ನು ಇತರ ತಂತ್ರಾಂಶಗಳು ತಮ್ಮ ಬರಹ ಬಿಚ್ಚಿಡದೆಯೂ ಬಳಸಿಕೊಳ್ಳುವಂತೆ, ಎಲ್.ಜಿ.ಪಿ.ಎಲ್. ಎಂಬ ಮೃದುವಾದ ಪರವಾನಗಿಗೆ ಸಾಗಬೇಕೆಂಬುದು ಉದ್ದೇಶ. ಸಾಗುವುದು ಹೇಗೆ? ಬರೆದವನ ಸಾಲು ಬರೆದವನ ಸ್ವತ್ತು. ಅವಿಭಕ್ತ ಕುಟುಂಬದ ಜಮೀನನ್ನು ಪರಭಾರೆ ಮಾಡಬೇಕಾದರೆ ಹಕ್ಕುದಾರರೆಲ್ಲರ ಸಹಿ ಬೇಕಾಗುವಂತೆ ಇಲ್ಲಿಯೂ ಎಲ್ಲರ ಒಪ್ಪಿಗೆ ಬೇಕು. ಹಕ್ಕುದಾರರು ನೂರಾರು ಮಂದಿ. ಹಲವರು ಹತ್ತು ವರ್ಷ ಹಿಂದೆ ಒಂದೆರಡು ತಿದ್ದುಪಡಿ ಕಳುಹಿಸಿ ಮರೆತವರು. ಅವರ ಅಂದಿನ ಇ-ಮೇಲ್ ವಿಳಾಸಗಳು ಸತ್ತುಹೋಗಿವೆ. ಯಾರ ಸಾಲು ಯಾವುದೆಂದು ಬರಹದ ಚರಿತ್ರೆಯನ್ನು ಬಗೆದು ನೋಡಬೇಕು, ಬರೆದವರನ್ನು ಪತ್ತೆಹಚ್ಚಬೇಕು, ವಿವರಿಸಬೇಕು, ಒಪ್ಪಿಸಬೇಕು. ಒಪ್ಪದವನ ಸಾಲುಗಳನ್ನು ಅಳಿಸಿ ಬೇರೆಯವರು ಹೊಸದಾಗಿ ಬರೆಯಬೇಕು. ಕೆಂಪ್ ಮುಂದೆ ನಿಂತು ಈ ಕಾರ್ಯವನ್ನು ನಡೆಸಿದರು. ೨೦೧೧ರ ಕೊನೆಗೆ ಯಂತ್ರಭಾಗವೂ, ೨೦೧೨ರ ನವೆಂಬರಿನಲ್ಲಿ ಅಂಗಭಾಗಗಳ ಬಹುಪಾಲೂ ಹೊಸ ಪರವಾನಗಿಗೆ ಬಂದವು. ೨೦೧೩ರ ಜುಲೈಯಲ್ಲಿ ವಿ.ಎಲ್.ಸಿ. ಆಪಲ್ ಮಳಿಗೆಗೆ ಮರಳಿತು. ಇಷ್ಟೆಲ್ಲ ನಡೆದರೂ ಮನೆಯಲ್ಲಿ ಚಿತ್ರ ನೋಡುತ್ತಿದ್ದವನಿಗೆ ಒಂದು ಗುಂಡಿಯೂ ಹೊಸದಾಗಿ ಕಾಣಿಸಲಿಲ್ಲ.

ಇಷ್ಟು ಜನ ಬಳಸುವ ವಸ್ತುವಿನ ಸುತ್ತ ಹಣ ಸುಳಿಯದಿರುವುದೇ? ಜಾಹೀರಾತನ್ನೋ ಬೇರೆ ತಂತ್ರಾಂಶವನ್ನೋ ಜೊತೆಗೆ ಸೇರಿಸಿದರೆ ಕೋಟಿಗಟ್ಟಲೆ ಯೂರೊ ಕೊಡುವೆವೆಂದವರಿಗೆ ‘ಬೇಡ’ ಎಂದುದಾಗಿ ಕೆಂಪ್ ಬಹಿರಂಗವಾಗಿಯೇ ಹೇಳಿದ್ದಾರೆ. ಬರೆದವರು ನೂರಾರು ಮಂದಿ ಇರುವಾಗ ಮಾರುವ ಅಧಿಕಾರ ಒಬ್ಬನದಾಗಲಾರದು ಎಂಬುದನ್ನು ಪರವಾನಗಿಯ ಪ್ರಕರಣವೇ ತೋರಿಸಿತ್ತಲ್ಲವೆ? ೨೦೧೮ರಲ್ಲಿ ಫ್ರೆಂಚ್ ಸರಕಾರ ಅವರಿಗೆ ರಾಷ್ಟ್ರೀಯ ಗೌರವವೊಂದನ್ನು ನೀಡಿತು.

ಭಾರತಕ್ಕೂ ಈ ಶಂಕುವಿಗೂ ಒಂದು ಕಹಿಯ ನಂಟುಂಟು. ೨೦೨೨ರ ಫೆಬ್ರವರಿಯಿಂದ ವಿಡಿಯೊಲ್ಯಾನಿನ ಜಾಲತಾಣ ಇಲ್ಲಿಯ ಅನೇಕ ಇಂಟರ್‌ನೆಟ್ ಸಂಸ್ಥೆಗಳ ಬಳಕೆದಾರರಿಗೆ ತೆರೆಯದಾಯಿತು. ತಡೆಯ ಆದೇಶವೇನು, ಕಾರಣವೇನು ಎಂಬುದನ್ನು ಸಂಘಕ್ಕೆ ಮುಂಚಿತವಾಗಿ ತಿಳಿಸಿರಲಿಲ್ಲ. ಮೊದಲೇ ಇಳಿಸಿಕೊಂಡ ಪ್ರತಿಗಳು ಎಂದಿನಂತೆ ನಡೆಯುತ್ತಿದ್ದವು. ಆದರೆ ಹೊಸದಾಗಿ ಬೇಕಾದವರು ನಿಜವಾದ ತಾಣ ಸಿಗದೆ ನಕಲಿ ತಾಣಗಳ ಬಲೆಗೆ ಬೀಳುವ ಅಪಾಯವಿತ್ತು. ಅಕ್ಟೋಬರಿನಲ್ಲಿ, ಇಂಟರ್‌ನೆಟ್ ಫ್ರೀಡಂ ಫೌಂಡೇಷನ್ನಿನ ನೆರವಿನಿಂದ, ಸಂಘ ಸಂಬಂಧಪಟ್ಟ ಇಲಾಖೆಗಳಿಗೆ ವಕೀಲರ ನೋಟಿಸು ಕಳುಹಿಸಿತು. ನವೆಂಬರಿನಲ್ಲಿ ತಡೆ ತೆರವಾಯಿತು.

ಈ ನಡುವೆ ಕಟ್ಟುವ ಕೆಲಸ ಎಂದೂ ನಿಂತಿರಲಿಲ್ಲ. ೨೦೧೮ರ ಫೆಬ್ರವರಿಯಲ್ಲಿ ೩.೦ ಆವೃತ್ತಿ ಬಂದಿತು. ಗಂಟು ಬಿಚ್ಚುವ ಶ್ರಮವನ್ನು ಕಂಪ್ಯೂಟರಿನ ಚಿತ್ರ ಚಿಪ್ಪಿಗೆ ವಹಿಸಿ, ಅತಿ ಸೂಕ್ಷ್ಮ ವಿವರಗಳ ದೊಡ್ಡ ಚಿತ್ರಗಳನ್ನೂ ತಡವರಿಸದೆ ತೋರಿಸುವುದು ಅದರ ಹೆಗ್ಗಳಿಕೆ. ೨೦೧೯ರಲ್ಲಿ, ದೋಷ ಹುಡುಕಿಕೊಟ್ಟವರಿಗೆ ಬಹುಮಾನವೀಯಲು ಯೂರೋಪಿಯನ್ ಒಕ್ಕೂಟವೇ ಹಣವೊದಗಿಸಿತು, ಪರಿಣಾಮವಾಗಿ ೩.೦.೭ ಎಂಬ ಒಂದೇ ಪರಿಷ್ಕರಣದಲ್ಲಿ ಮೂವತ್ತಕ್ಕೂ ಹೆಚ್ಚು ಭದ್ರತಾ ದೋಷಗಳನ್ನು ತಿದ್ದಲಾಯಿತು. ಇಷ್ಟು ತೂತುಗಳಿದ್ದವೇ ಎಂದು ಹುಬ್ಬೇರಿಸುವುದಕ್ಕಿಂತ, ಹುಡುಕಿದಲ್ಲದೆ ತೂತು ಕಾಣದೆಂದು ತಿಳಿಯುವುದು ನ್ಯಾಯ.

೪.೦ರ ಕೆಲಸ ಇನ್ನೂ ಆಳದ್ದು, ಅದರಲ್ಲೂ ಗಡಿಯಾರದ್ದು. ಚಿತ್ರದಲ್ಲಿ ತುಟಿ ಅಲುಗಿದಾಗಲೇ ಮಾತು ಕೇಳಿಸಬೇಕಾದರೆ ಚಿತ್ರವೂ ಧ್ವನಿಯೂ ಒಂದೇ ಗಡಿಯಾರವನ್ನು ಅನುಸರಿಸಬೇಕು. ಯಾರ ಗಡಿಯಾರ? ಉಪಗ್ರಹದ ಹರಿವಿಗಾಗಿ ಹುಟ್ಟಿದ ವಿ.ಎಲ್.ಸಿ., ಕಳುಹಿಸುವವನ ಗಡಿಯಾರವನ್ನೇ ಪ್ರಮಾಣವೆಂದು ನಂಬಿ ಬೆಳೆಯಿತು. ಧ್ವನಿಯನ್ನು ಅದಕ್ಕೆ ಹೊಂದುವಂತೆ ಎಳೆದೋ ಕುಗ್ಗಿಸಿಯೋ ಸರಿದೂಗಿಸುತ್ತಿತ್ತು. ಇಂದು ಜನ ಬಹುಮಟ್ಟಿಗೆ ನೋಡುವುದು ತಮ್ಮಲ್ಲೇ ಇರುವ ಕಡತಗಳನ್ನು. ಅಲ್ಲಿ ಕಳುಹಿಸುವವನೇ ಇಲ್ಲ. ಆದ್ದರಿಂದ ಧ್ವನಿಯ ಗಡಿಯಾರವನ್ನು ಯಜಮಾನನನ್ನಾಗಿ ಮಾಡಿ, ಚಿತ್ರ ಅದರ ಹಿಂದೆ ನಡೆಯುವಂತೆ ಮಾಡುವ ವ್ಯವಸ್ಥೆಯನ್ನು ನಿರ್ಮಾಪಕರು ಬರೆಯಹೊರಟರು. ಅಡಿಪಾಯದ ಕಲ್ಲನ್ನು ಅಲುಗಿಸಿದರೆ ಮೇಲಿನ ತೊಲೆಗಳೆಲ್ಲ ನಡುಗುತ್ತವೆ. ೨೦೧೯ರಲ್ಲಿ ಬ್ರಸೆಲ್ಸಿನ ಸಮ್ಮೇಳನದಲ್ಲಿ ಅದರ ಮುನ್ನೋಟ ತೋರಿಸಲಾಗಿತ್ತು. ೨೦೨೪ ಮುಗಿದರೂ ಪೂರ್ಣ ಆವೃತ್ತಿ ಬಂದಿರಲಿಲ್ಲ, ೩.೦ಕ್ಕೇ ತೇಪೆಗಳು ಬೀಳುತ್ತಿದ್ದವು. ೨೦೨೫ರ ಜನವರಿಯಲ್ಲಿ ಡೌನ್‌ಲೋಡುಗಳ ಎಣಿಕೆ ೬೦೦ ಕೋಟಿ ದಾಟಿತೆಂದು ಸಂಘ ಸಾರಿತು. ಮಾತನ್ನು ಕೇಳಿ ತಾನೇ ಉಪಶೀರ್ಷಿಕೆ ಬರೆಯುವ ಹೊಸ ವಿದ್ಯೆಯನ್ನೂ ಅದೇ ವೇಳೆ ಪ್ರದರ್ಶಿಸಿತು.

ಆವೃತ್ತಿಗಳಿಗೆ ಇಂಗ್ಲೆಂಡಿನ ಹಾಸ್ಯ ಕಾದಂಬರಿಕಾರ ಟೆರ್ರಿ ಪ್ರಾಚೆಟ್ ಸೃಷ್ಟಿಸಿದ ಪಾತ್ರಗಳ ಹೆಸರಿಡುವುದು ಈ ತಂಡದ ವಾಡಿಕೆ. ೩.೦ಕ್ಕೆ ವೆಟಿನಾರಿ ಎಂಬ ಚತುರ ರಾಜ್ಯಾಧಿಪತಿಯ ಹೆಸರು. ೪.೦ಕ್ಕೆ ಆರಿಸಿರುವುದು ಆಟೊ ಕ್ರೀಕ್ ಎಂಬ ಛಾಯಾಗ್ರಾಹಕನನ್ನು. ಅವನೊಬ್ಬ ರಕ್ತಪಿಶಾಚಿ, ಬೆಳಕು ಮಿಂಚಿಸಿ ಚಿತ್ರ ತೆಗೆದಾಗಲೆಲ್ಲ ಆ ಬೆಳಕಿಗೆ ತಾನೇ ಬೂದಿಯಾಗಿ ಉದುರುತ್ತಾನೆ. ಒಂದು ತೊಟ್ಟು ರಕ್ತ ಬಿದ್ದೊಡನೆ ಮತ್ತೆ ಎದ್ದು, ಕ್ಯಾಮೆರಾ ಸರಿಪಡಿಸಿಕೊಂಡು, ಮುಂದಿನ ಚಿತ್ರಕ್ಕೆ ಅಣಿಯಾಗುತ್ತಾನೆ.