ಬೆನ್ನಿನ ಕಿಂಡಿ ಮುಂಭಾಗಕ್ಕೆ ಬಂದದ್ದು

ಕಳೆದ ಮಳೆಗಾಲದಲ್ಲಿ ಭಾವನ ಮನೆಗೆ ಹೋಗಿದ್ದಾಗ, ಚಾವಡಿಯ ಮೂಲೆಯ ಮೇಜಿನ ಕೆಳಗೆ 1999ರಲ್ಲಿ ಕೊಂಡ ಕಂಪ್ಯೂಟರು ಇನ್ನೂ ಜೀವಂತವಾಗಿರುವುದನ್ನು ಕಂಡೆ. ಪೆಂಟಿಯಂ-2 ಪ್ರೊಸೆಸರು, ವಿಂಡೋಸ್ 98, ಹಾಲುಬಿಳಿಯಾಗಿದ್ದುದು ಹಳದಿಗೆ ತಿರುಗಿದ ಪೆಟ್ಟಿಗೆ. ಅಂದು ಅದರಲ್ಲಿ ಆಡಿ ಬೆಳೆದ ಹುಡುಗನಿಗೆ ಈಗ ಏಳು ವರ್ಷದ ಮಗಳು. ಅಜ್ಜನೂ ಮೊಮ್ಮಗಳೂ ಕೂಡಿ ಜಾಯ್‌ಸ್ಟಿಕ್ಕು ಹಿಡಿದು ವಿಮಾನ ಹಾರಿಸುತ್ತಾರೆ.

ತೊಂದರೆಯಿದ್ದುದು ಒಂದೇ. ಜಾಯ್‌ಸ್ಟಿಕ್ಕನ್ನು ಸಿಕ್ಕಿಸುವ ಕಿಂಡಿ ಪೆಟ್ಟಿಗೆಯ ಬೆನ್ನಿನಲ್ಲಿ. ಪ್ರತಿ ಸಲವೂ ಪೆಟ್ಟಿಗೆಯನ್ನು ಎಳೆಯಬೇಕು, ಜೇಡರಬಲೆಯೊಳಗೆ ತಲೆ ಹಾಕಬೇಕು, ಕತ್ತಲಲ್ಲಿ ತಡವಬೇಕು. “ಆಟಕ್ಕಿಂತ ಈ ಕಸರತ್ತೇ ಹೆಚ್ಚಾಯಿತು ಭಾವಾ, ನನ್ನ ಸೊಂಟ ಕೇಳಬೇಕಲ್ಲ” ಎಂದರು ಅವರು. ಸೊಂಟದ ಮಾತು ಹಾಗಿರಲಿ. ಈ ಎಳೆದಾಟದಲ್ಲಿ ಒಳಗಿನ ಸೌಂಡ್ ಕಾರ್ಡು ಸ್ಲಾಟಿನಿಂದ ಕದಲಿ ಎರಡು ಸಲ ಸ್ವರವೇ ನಿಂತುಹೋಗಿತ್ತು. ಆ ಕಾರ್ಡು ಮುರಿದರೆ ಇಂದು ಹೊಸದು ಸಿಗುವಂಥದ್ದಲ್ಲ.

ಹೊಸ ಕಂಪ್ಯೂಟರಿನಲ್ಲೇ ಆಡಬಾರದೇ ಎಂದು ಕೇಳುವವರಿದ್ದಾರೆ. ಆಟ ನಡೆದೀತು; ಜಾಯ್‌ಸ್ಟಿಕ್ಕಿಗೆ ಜಾಗವಿಲ್ಲ. ಎರಡು ಸಾಲುಗಳಲ್ಲಿ ಹದಿನೈದು ಪಿನ್ನುಗಳಿರುವ ಈ ‘ಗೇಮ್ ಪೋರ್ಟು’ ಐ.ಬಿ.ಎಂ. ಕಂಪೆನಿಯ 1981ರ ಪಿ.ಸಿ.ಯೊಂದಿಗೆ ಬಂದದ್ದು. 1989ರ ಸೌಂಡ್ ಬ್ಲಾಸ್ಟರ್ ಕಾರ್ಡು ಅದನ್ನು ತನ್ನ ಬೆನ್ನಿಗೇ ಅಂಟಿಸಿಕೊಂಡಿತು. 2007ರಲ್ಲಿ ಜನರ ಕೈಗೆ ಬಂದ ವಿಂಡೋಸ್ ವಿಸ್ತಾ ಅದರ ಕೈಬಿಟ್ಟಿತು. ಅಂದಹಾಗೆ, 1979ರ ಅಟಾರಿ 800 ಎಂಬ ಯಂತ್ರದಲ್ಲಿ ಜಾಯ್‌ಸ್ಟಿಕ್ಕಿನ ನಾಲ್ಕು ಕಿಂಡಿಗಳೂ ಎದುರಿಗೇ ಇದ್ದವು. ಕಚೇರಿಯ ಲೆಕ್ಕಪತ್ರಕ್ಕೆಂದು ಹುಟ್ಟಿದ ಪಿ.ಸಿ.ಗೆ ಆ ಬುದ್ಧಿ ಬರಲಿಲ್ಲ.

ಕಿಂಡಿಯನ್ನು ಮುಂದಕ್ಕೆ ತರೋಣವೆಂದು ನಿಶ್ಚಯಿಸಿದೆವು. ಹಳೆಯ ಪೆಟ್ಟಿಗೆಯ ಮೈಗೆ ಗರಗಸ ತಾಗಿಸಬಾರದು ಎಂಬುದು ಭಾವನ ಷರತ್ತು. ಅದಕ್ಕೆ ಉಪಾಯವಿದೆ. ಸಿ.ಡಿ. ಡ್ರೈವಿನ ಕೆಳಗೆ ಖಾಲಿ ಇರುವ ಐದೂಕಾಲು ಇಂಚಿನ ಜಾಗಕ್ಕೆ ಪ್ಲಾಸ್ಟಿಕ್ಕಿನ ಮುಚ್ಚಳವೊಂದಿರುತ್ತದೆ. ಅಗಲ ಸುಮಾರು 146 ಮಿಲಿಮೀಟರು. ಗುಜರಿಯಲ್ಲಿ ಅಂಥದೇ ಇನ್ನೊಂದು ಮುಚ್ಚಳ ಸಿಕ್ಕಿತು. ಕೊರೆದದ್ದೆಲ್ಲ ಅದರಲ್ಲಿಯೇ.

ತಂತಿ ಉದ್ದವಾದರೆ ಜಾಯ್‌ಸ್ಟಿಕ್ಕಿನ ಆಟ ಕೆಡುವುದಿಲ್ಲವೇ ಎಂಬ ಸಂಶಯ ನನಗೂ ಇತ್ತು. ಕೆಡುವುದಿಲ್ಲ; ಕಾರಣ ಸ್ವಾರಸ್ಯದ್ದು. ಜಾಯ್‌ಸ್ಟಿಕ್ಕಿನೊಳಗಿರುವುದು ರೇಡಿಯೋದ ಸ್ವರ ಏರಿಸುವ ತಿರುಗುಗುಂಡಿಯಂಥದೇ ವಸ್ತು: ಸೊನ್ನೆಯಿಂದ ಒಂದು ಲಕ್ಷ ಓಂ ವರೆಗಿನ ರೆಸಿಸ್ಟರು. ಅದರ ಮೂಲಕ ಕಾರ್ಡಿನ ಮೇಲಿನ ಸಣ್ಣ ಕೆಪಾಸಿಟರೊಂದು ತುಂಬಿಕೊಳ್ಳುತ್ತದೆ. ತುಂಬಲು ಎಷ್ಟು ಹೊತ್ತು ಹಿಡಿಯಿತೆಂದು ಕಂಪ್ಯೂಟರು ಎಣಿಸುತ್ತದೆ. ಕೋಲು ಒಂದು ಕೊನೆಯಲ್ಲಿದ್ದರೆ ಸುಮಾರು 24 ಮೈಕ್ರೋಸೆಕೆಂಡು, ಇನ್ನೊಂದು ಕೊನೆಯಲ್ಲಿದ್ದರೆ ಸಾವಿರದ ನೂರಕ್ಕೂ ಮಿಕ್ಕಿ. ಲಕ್ಷದ ಈ ಲೆಕ್ಕದಲ್ಲಿ ಅರ್ಧ ಮೀಟರು ತಂತಿಯ ಒಂದು ಓಂಗೂ ಕಡಿಮೆಯ ರೋಧ ಯಾವ ಮೂಲೆಗೆ?

ಹದಿನೈದು ಎಳೆಯ ಚಪ್ಪಟೆ ರಿಬ್ಬನ್ ಕೇಬಲು ತಂದೆವು. ಪ್ಲಗ್ಗು ಹಾಕಿದ ಮೇಲೆ ಅದು ಹಿಂದಿನ ಖಾಲಿ ಸ್ಲಾಟಿನ ಸಂದಿಯಲ್ಲಿ ತೂರುವುದಿಲ್ಲ. ಮೊದಲು ಕೇಬಲನ್ನು ತೂರಿಸಿ ಆಮೇಲೆ ಪ್ಲಗ್ಗನ್ನು ಒತ್ತಿಸಬೇಕು. ಇದನ್ನು ತಿಳಿಯಲು ನಮಗೊಂದು ಪ್ಲಗ್ಗು ಹಾಳಾಯಿತು. ಹದಿನೈದು ಎಳೆಗಳನ್ನೂ ನೇರಕ್ಕೆ ನೇರ ಜೋಡಿಸುವುದು ಲೇಸು. ಸೌಂಡ್ ಕಾರ್ಡಿನಲ್ಲಿ 12 ಮತ್ತು 15ನೇ ಪಿನ್ನುಗಳು ಸಂಗೀತದ ಕೀಬೋರ್ಡಿನ ಸಂಕೇತಕ್ಕೆ ಮೀಸಲು. ಬೇಡವೆಂದು ಬಿಟ್ಟರೆ ಮುಂದೊಂದು ದಿನ ಬೇಕಾದೀತು. ಮೂರು ಸಾಲಿನ ಹದಿನೈದು ಪಿನ್ನು ಮಾನಿಟರಿನದು. ಅಂಗಡಿಯಲ್ಲಿ ‘ಹದಿನೈದು ಪಿನ್ನಿನದು’ ಎಂದಷ್ಟೇ ಕೇಳಿದರೆ ಅದನ್ನೇ ಕಟ್ಟಿಕೊಡುತ್ತಾರೆ.

ಮುಚ್ಚಳದಲ್ಲಿ ಸ್ಕ್ರೂ ತೂತುಗಳ ಅಂತರ 33.3 ಮಿಲಿಮೀಟರು. ನಡುವಿನ ಕಿಂಡಿಗೆ ಸಾಲಾಗಿ ಸಣ್ಣ ತೂತು ಕೊರೆದು, ಅರದಲ್ಲಿ ನಿಧಾನವಾಗಿ ತಿಕ್ಕಿದೆವು. ಒಂದು ಮಧ್ಯಾಹ್ನ ಪೂರ್ತಿ ಅದಕ್ಕೇ ಹೋಯಿತು.

ಇಷ್ಟಕ್ಕೇ ನಿಲ್ಲಿಸಿದ್ದರೆ ಎದೆ ಢವಗುಟ್ಟುವ ಸಂದರ್ಭ ಬರುತ್ತಿರಲಿಲ್ಲ. ಪೆನ್ ಡ್ರೈವಿಗೂ ಎದುರಿನಲ್ಲೊಂದು ಕಿಂಡಿಯಿದ್ದರೆ ಫ್ಲಾಪಿಯ ಕಾಟ ತಪ್ಪುತ್ತದೆಂದು ಸಲಹೆ ಕೊಟ್ಟವನು ನಾನೇ. ಮದರ್ ಬೋರ್ಡಿನ ಮೇಲೆ ಯು.ಎಸ್.ಬಿ.ಗೆಂದು ಎರಡು ಸಾಲು ಪಿನ್ನುಗಳಿದ್ದವು. ಇಂದಿನ ಬೋರ್ಡುಗಳಲ್ಲಿ ಎರಡು ಸಾಲಿನಲ್ಲೂ ಕ್ರಮ ಒಂದೇ: 5 ವೋಲ್ಟು, ಡೇಟಾದ ಎರಡು, ಗ್ರೌಂಡು. ಹಳೆಯ ಬೋರ್ಡುಗಳಲ್ಲಿ ಈ ಶಿಸ್ತು ಇಲ್ಲ. ಕೆಲವು ಕಡೆ ಎರಡನೆಯ ಸಾಲು ತಲೆಕೆಳಗು. ಅಂಥಲ್ಲಿ ಇಂದಿನ ಪ್ಲಗ್ಗನ್ನು ಸುಮ್ಮನೆ ಚುಚ್ಚಿದರೆ 5 ವೋಲ್ಟು ಹೋಗಿ ಗ್ರೌಂಡಿನ ತಂತಿಗೆ ಸೇರುತ್ತದೆ. ಎರಡು ಕಿಂಡಿಗೂ ಗ್ರೌಂಡು ಒಂದೇ ಆಗಿದ್ದರೆ ನೇರ ಶಾರ್ಟು; ಬೇರೆ ಬೇರೆಯಾಗಿದ್ದರೆ ಪೆನ್ ಡ್ರೈವಿಗೆ ಕರೆಂಟು ತಿರುವುಮುರುವು. ಹಿಂದೊಮ್ಮೆ ಅವಸರದಲ್ಲಿ ನನ್ನದೇ ಪೆನ್ ಡ್ರೈವೊಂದನ್ನು ಹೀಗೆ ಸುಟ್ಟುಕೊಂಡವನು ನಾನು. ಈ ಸಲ ಸುಡುವಂತಿದ್ದುದು ಭಾವನ ಬೋರ್ಡು.

ಆದ್ದರಿಂದ ಮೀಟರು ಹಿಡಿದು ಕುಳಿತೆವು. ಮೊದಲು ಗೋಡೆಯ ಪ್ಲಗ್ಗು ಕಿತ್ತು, ಯಾವ ಪಿನ್ನಿಗೂ ಪೆಟ್ಟಿಗೆಯ ಲೋಹಕ್ಕೂ ಸಂಪರ್ಕವಿದೆಯೆಂದು ನೋಡಿದೆವು. ಅದು ಗ್ರೌಂಡು. ಬಳಿಕ ಕರೆಂಟು ಕೊಟ್ಟು, ಮೀಟರಿನ ಕಪ್ಪು ತಂತಿಯನ್ನು ಪೆಟ್ಟಿಗೆಯ ಲೋಹಕ್ಕೆ ಹಿಡಿದು, ಕೆಂಪು ಮೊನೆಯನ್ನು ಒಂದೊಂದೇ ಪಿನ್ನಿಗೆ ತಾಗಿಸಿದೆವು. ಮೊನೆ ಜಾರಿ ಎರಡು ಪಿನ್ನುಗಳಿಗೆ ಒಟ್ಟಿಗೆ ತಾಗಬಾರದು. ಭಾವ ಟಾರ್ಚು ಹಿಡಿದಿದ್ದರು. ಮೊಮ್ಮಗಳು ಅಂಕೆ ಓದಿ ಹೇಳುತ್ತಿದ್ದಳು. ಮೊದಲ ಸಾಲಿನ ಮೇಲ್ತುದಿಯಲ್ಲಿ 5 ಬಂತು. ಎರಡನೆಯ ಸಾಲಿನಲ್ಲಿ ಅದೇ ತುದಿಗೆ ಸೊನ್ನೆ, ಕೆಳಗಿನ ತುದಿಗೆ 5. ತಲೆಕೆಳಗೇ! ಯಾರೂ ಮಾತಾಡಲಿಲ್ಲ.

ಒಟ್ಟು ಪ್ಲಗ್ಗನ್ನು ಬಿಟ್ಟು, ಬಿಡಿ ತಂತಿಗಳ ಕೇಬಲನ್ನೇ ಬಳಸಿದೆವು. ಕೆಂಪು 5 ವೋಲ್ಟಿಗೆ, ಕಪ್ಪು ಗ್ರೌಂಡಿಗೆ, ಬಿಳಿ ಮತ್ತು ಹಸಿರು ಡೇಟಾಕ್ಕೆ. ಇವೆರಡು ಅದಲುಬದಲಾದರೆ ಏನೂ ಸುಡುವುದಿಲ್ಲ, ಕೆಲಸ ನಡೆಯುವುದಿಲ್ಲ ಅಷ್ಟೆ. ಜಾಯ್‌ಸ್ಟಿಕ್ಕಿನ ತಂತಿಗಿರುವ ಸ್ವಾತಂತ್ರ್ಯ ಇದಕ್ಕಿಲ್ಲ. ಸೆಕೆಂಡಿಗೆ 1.2 ಕೋಟಿ ಬಿಟ್ಟು ಓಡುವ ದಾರಿಯಿದು. ಡೇಟಾದ ಎರಡು ಎಳೆಗಳು ಒಂದಕ್ಕೊಂದು ಹೆಣೆದುಕೊಂಡಿರಬೇಕು, ಕೇಬಲು ಗಿಡ್ಡವಿದ್ದಷ್ಟೂ ಒಳ್ಳೆಯದು. ಪೆನ್ ಡ್ರೈವಿನ ಚಾಲಕ ತಂತ್ರಾಂಶ ವಿಂಡೋಸ್ 98ರಲ್ಲಿ ಹುಟ್ಟಿನಿಂದ ಇಲ್ಲ, ಅದನ್ನು ಸಿ.ಡಿ.ಯಲ್ಲಿ ಬರೆದು ಹಾಕಬೇಕಾಯಿತು.

ಇಯರ್ ಫೋನಿನ ಕಿಂಡಿಯನ್ನೂ ಮಾಡೋಣವೇ ಎಂದು ನೋಡಿದರೆ, ಸಿ.ಡಿ. ಡ್ರೈವಿನ ಮುಖದಲ್ಲೇ ಒಂದಿತ್ತು. ಆದರೆ ಅದರಲ್ಲಿ ಕೇಳುವುದು ಸಿ.ಡಿ.ಯ ಹಾಡು ಮಾತ್ರ, ವಿಮಾನದ ಸದ್ದಲ್ಲ. ಭಾವನಿಗೆ ಅಷ್ಟು ಸಾಕು. ಆ ಕೆಲಸ ಅಲ್ಲಿಗೇ ಬಿಟ್ಟೆವು.

ಸಂಜೆ ಮುಚ್ಚಳವನ್ನು ಕೂರಿಸಿ ಜಾಯ್‌ಸ್ಟಿಕ್ಕನ್ನು ಎದುರಿನಿಂದಲೇ ಸಿಕ್ಕಿಸಿದಳು ಹುಡುಗಿ. ಕೋಲನ್ನು ನಾಲ್ಕು ಮೂಲೆಗೂ ಎಳೆದು ಗುಂಡಿ ಒತ್ತು ಎಂದು ಪರದೆ ಕೇಳಿತು, ಒತ್ತಿದಳು. ಹಳೆಯ ಮುಚ್ಚಳವನ್ನು ಭಾವ ಪತ್ರಿಕೆಯಲ್ಲಿ ಸುತ್ತಿ, ಯಾವ ಪಿನ್ನು ಯಾವುದೆಂದು ನಾವು ಬರೆದ ಚೀಟಿಯನ್ನೂ ಜೊತೆಗಿಟ್ಟು, ಕಪಾಟಿಗೆ ಸೇರಿಸಿದರು.