ಮನೆಗಾಡಿಗೆ ರಾತ್ರಿಯ ನೆಲೆ

ಮೊದಲ ಮಳೆ ಬಿದ್ದೊಡನೆ ಬಸವನ ಹುಳು ತನ್ನ ಮನೆಯನ್ನು ಬೆನ್ನ ಮೇಲೆ ಹೊತ್ತು ಅಡಕೆ ತೋಟದ ಪಾಗಾರವನ್ನೇರುವುದನ್ನು ದಕ್ಷಿಣ ಕನ್ನಡದಲ್ಲಿ ಬೆಳೆದವರೆಲ್ಲರೂ ಕಂಡಿರುವರು. ಅದು ಎಲ್ಲಿ ನಿಂತರೆ ಅಲ್ಲೇ ಅದರ ಬಿಡಾರ. ಛತ್ರವನ್ನು ಹುಡುಕುವ ಕಷ್ಟ ಅದಕ್ಕಿಲ್ಲ. ಮನುಷ್ಯನೂ ಇಂತಹ ಸ್ವಾತಂತ್ರ್ಯವನ್ನು ಬಯಸಿ, ಮೋಟಾರು ವಾಹನದ ಒಡಲಿನಲ್ಲೇ ಮಂಚ, ಒಲೆ, ನೀರಿನ ತೊಟ್ಟಿ, ದೀಪ, ಶೌಚದ ಪೀಠ ಇವೆಲ್ಲವನ್ನೂ ಅಳವಡಿಸಿಕೊಂಡು ಊರೂರು ಸುತ್ತತೊಡಗಿರುವನು. ಇದನ್ನು ಕ್ಯಾರವಾನ್ ಎಂದೂ ಮೋಟಾರ್‌ಹೋಮ್ ಎಂದೂ ಕರೆಯುವುದುಂಟು. ನಾವು ಈ ಲೇಖನದಲ್ಲಿ ಮನೆಗಾಡಿ ಎಂದೇ ಕರೆಯೋಣ.

ವಿಹಾರಕ್ಕೆಂದೇ ಇಂತಹ ಗಾಡಿಯನ್ನು ಮಾಡಿಸಿದವರಲ್ಲಿ ಮೊದಲಿಗನೆಂದು ಹೆಸರಾದವನು ಗಾರ್ಡನ್ ಸ್ಟೇಬಲ್ಸ್ ಎಂಬ ಸ್ಕಾಟ್ಲೆಂಡಿನ ವೈದ್ಯ. ೧೮೮೫ರಲ್ಲಿ ಅವನು ಬ್ರಿಸ್ಟಲ್ ನಗರದಲ್ಲಿ ಕಟ್ಟಿಸಿದ ಗಾಡಿಯನ್ನು ಎರಡು ಕುದುರೆಗಳು ಎಳೆಯುತ್ತಿದ್ದವು. ಅದರಲ್ಲಿ ಅವನು ಇಂಗ್ಲೆಂಡಿನ ದಕ್ಷಿಣ ಭಾಗದಿಂದ ಸ್ಕಾಟ್ಲೆಂಡಿನ ಇನ್ವರ್‌ನೆಸ್ಸಿನವರೆಗೆ ಪ್ರಯಾಣ ಮಾಡಿದನು. ಇಂದು ಫ್ರಾನ್ಸಿನಲ್ಲಿ ಸಣ್ಣ ಊರುಗಳ ಪಂಚಾಯತಿಗಳೇ ಮನೆಗಾಡಿಗಳಿಗೆ ತಂಗುದಾಣ ಕಟ್ಟಿಸಿ ನೀರು, ಚರಂಡಿ, ವಿದ್ಯುತ್ತನ್ನು ಒದಗಿಸುತ್ತಿವೆ. ನಮ್ಮ ನೆರೆಯ ಕೇರಳ ೨೦೨೧ರಲ್ಲಿ ಮನೆಗಾಡಿಯ ಪ್ರವಾಸಕ್ಕಾಗಿ ಯೋಜನೆಯೊಂದನ್ನು ಪ್ರಾರಂಭಿಸಿತು. ಮರುವರ್ಷ ವಾಗಮಣ್ಣಿನಲ್ಲಿ ಅದರ ಮೊದಲ ತಂಗುದಾಣ ತೆರೆಯಿತು. ಆದರೂ ನಮ್ಮ ದೇಶದಲ್ಲಿ ಇಂತಹ ದಾಣಗಳು ಇನ್ನೂ ವಿರಳವೆಂದೇ ಹೇಳಬೇಕು.

ಪುತ್ತೂರು, ಸುಳ್ಯ, ಕಡಬ ಈ ಮೂರು ತಾಲೂಕುಗಳು ಘಟ್ಟದ ಬುಡದಲ್ಲಿವೆ. ಕರಾವಳಿಯಿಂದ ಮಡಿಕೇರಿಗೆ ಹೋಗುವವರು ಪುತ್ತೂರು ಸುಳ್ಯಗಳ ಮೂಲಕ ಸಂಪಾಜೆಯ ಘಟ್ಟವನ್ನು ಹತ್ತಬೇಕು. ಸಕಲೇಶಪುರಕ್ಕೆ ಹೋಗುವವರು ನೆಲ್ಯಾಡಿ, ಗುಂಡ್ಯ ದಾಟಿ ಶಿರಾಡಿಯನ್ನೋ, ಸುಬ್ರಹ್ಮಣ್ಯದಿಂದ ಬಿಸಿಲೆಯನ್ನೋ ಹತ್ತಬೇಕು. ಕತ್ತಲಲ್ಲಿ ಘಟ್ಟವೇರುವುದಕ್ಕಿಂತ ಕೆಳಗೆ ತಂಗಿ ಬೆಳಗ್ಗೆ ಹೊರಡುವುದು ಲೇಸೆಂಬುದು ಎತ್ತಿನ ಗಾಡಿಯವರಿಗೂ ತಿಳಿದಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಘಟ್ಟದ ಮೇಲಿನ ಕಾಫಿ ಮಂಗಳೂರಿಗೆ ಇಳಿಯುತ್ತಿದ್ದುದು ಅಂತಹ ಗಾಡಿಗಳಲ್ಲೇ. ಗಾಡಿಯವನಿಗೆ ಬೇಕಾದುದು ಮೂರೇ: ಸಮತಟ್ಟಾದ ನೆಲ, ಎತ್ತಿಗೆ ನೀರು, ಒಂದಷ್ಟು ಹುಲ್ಲು. ಅವನು ಬೆಳಗ್ಗೆ ಬಿಟ್ಟು ಹೋಗುತ್ತಿದ್ದ ಸೆಗಣಿಯನ್ನು ಊರವರು ಗೊಬ್ಬರಕ್ಕೆ ಹೊತ್ತೊಯ್ಯುತ್ತಿದ್ದರು. ಮನೆಗಾಡಿಯವನು ಬಿಟ್ಟು ಹೋಗುವುದನ್ನು ಯಾರೂ ಹೊತ್ತೊಯ್ಯರು. ಇಲ್ಲಿಯೇ ನಮ್ಮ ಸಮಸ್ಯೆ ಇರುವುದು.

ಮನೆಗಾಡಿಯ ನೀರಿನ ಲೆಕ್ಕವನ್ನು ಸ್ವಲ್ಪ ನೋಡೋಣ. ನಮ್ಮ ನಗರಗಳಲ್ಲಿ ಒಬ್ಬ ಮನುಷ್ಯನಿಗೆ ದಿನಕ್ಕೆ ೧೩೫ ಲೀಟರ್ ನೀರು ಬೇಕೆಂದು ಎಣಿಕೆ ಹಾಕುವುದು ವಾಡಿಕೆ. ಮನೆಗಾಡಿಯ ತೊಟ್ಟಿಯಲ್ಲಿ ಹಿಡಿಯುವುದೇ ನೂರು ಲೀಟರಿನಷ್ಟು. ಹೆಚ್ಚು ಹೊರೋಣವೆಂದರೆ ಲೀಟರಿಗೆ ಒಂದು ಕಿಲೋಗ್ರಾಮಿನಂತೆ ತೂಕ ಏರುತ್ತದೆ. ಆದುದರಿಂದ ಸಂಚಾರಿಯು ಇಪ್ಪತ್ತು ಮೂವತ್ತು ಲೀಟರಿನಲ್ಲಿ ದಿನವನ್ನು ಕಳೆಯುವುದನ್ನು ಕಲಿಯುತ್ತಾನೆ. ಒಳಗೆ ತುಂಬಿಸಿದ ನೀರೆಲ್ಲವೂ ಕೊಳೆಯಾಗಿ ಹೊರಗೆ ಬರಲೇಬೇಕಷ್ಟೆ? ಅದು ಎರಡು ಬಗೆಯಾಗಿ ಬರುತ್ತದೆ. ಪಾತ್ರೆ ತೊಳೆದ, ಮಿಂದ ನೀರು ಒಂದು ಬಗೆ. ಶೌಚದ ಪೆಟ್ಟಿಗೆಯಲ್ಲಿ ಕೂಡಿದುದು ಇನ್ನೊಂದು. ಮೊದಲನೆಯದನ್ನು ಕುರಿತು ನಮಗೆ ಹೆಚ್ಚಿನ ಚಿಂತೆಯಿಲ್ಲ. ಬಚ್ಚಲ ನೀರನ್ನು ಬಾಳೆಯ ಬುಡಕ್ಕೂ ತೆಂಗಿನ ಕಟ್ಟೆಗೂ ತಿರುಗಿಸುವುದು ನಮ್ಮ ಹಳ್ಳಿಗಳ ಹಳೆಯ ಪದ್ಧತಿ. ಎರಡು ಮೂರು ಗಾಡಿಗಳ ಬಚ್ಚಲ ನೀರನ್ನು ಒಂದು ಬಾಳೆಯ ಹಿಂಡಿಲು ಸುಲಭವಾಗಿ ಕುಡಿಯಬಲ್ಲುದು. ಎರಡನೆಯದೇ ಕಷ್ಟದ್ದು. ಮನೆಗಾಡಿಯ ಶೌಚದ ಪೆಟ್ಟಿಗೆ ಸಾಮಾನ್ಯವಾಗಿ ಇಪ್ಪತ್ತು ಲೀಟರಿನದು. ಇಬ್ಬರಿದ್ದರೆ ಎರಡು ಮೂರು ದಿನಗಳಲ್ಲಿ ತುಂಬುತ್ತದೆ. ತುಂಬಿದ ಮೇಲೆ ಅದನ್ನು ಎಲ್ಲಿ ಬರಿದುಮಾಡುವುದು?

ಹೊಳೆಗೆ ಸುರಿದರೇನು, ಇಷ್ಟು ದೊಡ್ಡ ಹೊಳೆಯಲ್ಲಿ ಇಪ್ಪತ್ತು ಲೀಟರ್ ಯಾವ ಲೆಕ್ಕ ಎಂದು ಕೇಳುವವರಿದ್ದಾರೆ. ಲೆಕ್ಕವನ್ನೇ ಮಾಡೋಣ. ಮನುಷ್ಯನ ಮಲದ ಒಂದು ಗ್ರಾಮಿನಲ್ಲಿ ಕರುಳಿನ ಸೂಕ್ಷ್ಮಜೀವಿಯಾದ ಇ. ಕೋಲೈ ಕೋಟಿಗಟ್ಟಲೆ ಇರುತ್ತದೆ. ಗ್ರಾಮಿಗೆ ಒಂದೇ ಕೋಟಿ ಎಂದು ಹಿಡಿದರೂ, ಪೆಟ್ಟಿಗೆಯಲ್ಲಿರುವ ಒಂದು ಕಿಲೋಗ್ರಾಮಿನಲ್ಲಿ ಸಾವಿರ ಕೋಟಿ ಜೀವಿಗಳಾದವು. ಕುಡಿಯುವ ನೀರಿನ ನಮ್ಮ ರಾಷ್ಟ್ರೀಯ ಮಾನದಂಡದಂತೆ ನೂರು ಮಿಲಿಲೀಟರಿನಲ್ಲಿ ಈ ಜೀವಿ ಒಂದೂ ಕಾಣಿಸಕೂಡದು. ನೂರು ಮಿಲಿಲೀಟರಿಗೆ ಒಂದರಂತೆ ಇವನ್ನು ಹರಡಬೇಕಾದರೂ ನೂರು ಕೋಟಿ ಲೀಟರ್ ನೀರು ಬೇಕಾಗುತ್ತದೆ! ಹರಿಯುವಾಗ ಬಿಸಿಲಿಗೂ ಕಾಲಗತಿಗೂ ಸಿಕ್ಕಿ ಅನೇಕ ಜೀವಿಗಳು ಸಾಯುವುವೆಂಬುದು ನಿಜ. ಆದರೆ ಮನೆಗಾಡಿಗಳು ಹೆಚ್ಚಾಗಿ ಬರುವುದು ನವೆಂಬರಿನಿಂದ ಮೇ ತಿಂಗಳವರೆಗೆ. ಹೊಳೆಗಳು ಬಡವಾಗುವುದೂ ಆಗಲೇ.

ಆ ಹೊಳೆ ಎಲ್ಲಿಗೆ ಹೋಗುತ್ತದೆಂಬುದನ್ನೂ ಗಮನಿಸಬೇಕು. ಸುಬ್ರಹ್ಮಣ್ಯದ ಕುಮಾರಧಾರಾ ನದಿ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುತ್ತದೆ. ಸೇರುವ ಮೊದಲೇ, ನೆಕ್ಕಿಲಾಡಿಯ ಕಿಂಡಿ ಅಣೆಕಟ್ಟಿನಿಂದ ಪುತ್ತೂರು ಪೇಟೆಗೆ ಕುಡಿಯುವ ನೀರು ಹೋಗುತ್ತದೆ. ಸೇರಿದ ಮೇಲೆ, ಬಂಟ್ವಾಳ ತಾಲೂಕಿನ ತುಂಬೆಯ ಅಣೆಕಟ್ಟಿನಿಂದ ಮಂಗಳೂರಿಗೆ ಹೋಗುತ್ತದೆ. ಸುಳ್ಯದ ಪಯಸ್ವಿನಿಯು ಗಡಿ ದಾಟಿ ಕಾಸರಗೋಡಿನ ಚಂದ್ರಗಿರಿ ಹೊಳೆಯಾಗುತ್ತದೆ. ಹೊಳೆಯ ದಂಡೆಯಲ್ಲಿ ರಾತ್ರಿ ಕಳೆದವನ ಅಲಕ್ಷ್ಯ ಇನ್ನೊಂದು ಊರಿನ ನಲ್ಲಿಯನ್ನು ತಲಪುವ ಹಾದಿ ಹೀಗಿದೆ.

ಹೊಳೆಗೆ ಬೇಡ, ಗುಂಡಿ ತೋಡಿ ಮುಚ್ಚುವೆವೆಂದರೆ ಆಗದೆ? ಇತರ ಅನೇಕ ಮಣ್ಣುಗಳಲ್ಲಿ ಆಗಬಹುದು. ಇಲ್ಲಿ ಎಚ್ಚರ ಬೇಕು. ಈ ಸೀಮೆಯ ನೆಲ ಮುರಕಲ್ಲಿನದು. ೧೮೦೭ರಲ್ಲಿ ಬುಕಾನನ್ ಲ್ಯಾಟರೈಟ್ ಎಂದು ಹೆಸರಿಟ್ಟುದು ಇದಕ್ಕೇ. ಮುರಕಲ್ಲಿನ ತುಂಬ ತೂತುಗಳು, ಒಳಗೆ ಕೊಳವೆಗಳಂತಹ ಪೊಟರೆಗಳು. ಮರಳುಮಿಶ್ರಿತ ಮಣ್ಣಿನಲ್ಲಿ ನೀರು ಕಣಕಣಗಳ ನಡುವೆ ನಿಧಾನವಾಗಿ ಸೋಸಿ ಇಳಿಯುವಾಗ ಸೂಕ್ಷ್ಮಜೀವಿಗಳು ಅಲ್ಲಲ್ಲೇ ತಡೆದು ಸಾಯುತ್ತವೆ. ಮುರಕಲ್ಲಿನ ಕೊಳವೆಗಳಲ್ಲಿ ನೀರು ಸೋಸದೆ ಓಡುತ್ತದೆ. ವರ್ಷಕ್ಕೆ ಸುಮಾರು ೪,೦೦೦ ಮಿಲಿಮೀಟರ್ ಮಳೆ ಬೀಳುವ ನಾಡು ಇದು. ಮಳೆಗಾಲದಲ್ಲಿ ಬಾವಿಯ ನೀರು ನೆಲಮಟ್ಟದ ಸಮೀಪಕ್ಕೆ ಏರಿ ಬರುತ್ತದೆ. ಮನೆಗೊಂದು ತೆರೆದ ಬಾವಿ, ಗುಡ್ಡದ ಬದಿಯಲ್ಲಿ ಅಡ್ಡಲಾಗಿ ಕೊರೆದ ಸುರಂಗ, ಇವೇ ಅನೇಕ ಮನೆಗಳ ಜೀವಾಧಾರ. ಇಂಗುಗುಂಡಿಗೂ ಬಾವಿಗೂ ಕಡಿಮೆಯೆಂದರೆ ೧೫ ಮೀಟರ್ ಅಂತರವಿರಬೇಕೆಂದು ಸಾಮಾನ್ಯವಾಗಿ ಹೇಳುವುದುಂಟು. ಮುರಕಲ್ಲಿನಲ್ಲಿ ಅದು ಸಾಲದೆಂದೇ ನಮ್ಮ ಅಭಿಪ್ರಾಯ.

ಪರಿಹಾರ ಸರಳವಾದುದು. ಇಳಿಜಾರಾದ ಒಂದು ಸಿಮೆಂಟಿನ ಹಾಸು; ನಡುವೆ ಮುಚ್ಚಳವುಳ್ಳ ಬಾಯಿ; ಅಲ್ಲಿಂದ ಕೊಳವೆಯ ಮೂಲಕ ಮುಚ್ಚಿದ ಸೆಪ್ಟಿಕ್ ತೊಟ್ಟಿ; ಅಲ್ಲಿಂದ ಹೊರಬರುವ ನೀರಿಗೆ ಕಾಬಾಳೆಯಂತಹ ಗಿಡಗಳನ್ನು ನೆಟ್ಟ ಜಲ್ಲಿಯ ಪಾತಿ. ತೊಳೆಯುವ ನಲ್ಲಿ ಬೇರೆ, ಕುಡಿಯುವ ನಲ್ಲಿ ಬೇರೆ, ಎರಡೂ ಅಕ್ಕಪಕ್ಕದಲ್ಲಿರಕೂಡದು. ಪೆಟ್ಟಿಗೆಯನ್ನು ತೊಳೆದ ಕೈಯಲ್ಲೇ ಕುಡಿಯುವ ನೀರಿನ ಕೊಳವೆಯನ್ನು ಹಿಡಿಯುವವರು ಎಲ್ಲ ದೇಶಗಳಲ್ಲೂ ಇದ್ದಾರೆ. ಇನ್ನೊಂದು ಮಾತು. ದುರ್ವಾಸನೆಯನ್ನು ತಡೆಯಲು ಶೌಚದ ಪೆಟ್ಟಿಗೆಗೆ ಹಾಕುವ ಕೆಲವು ದ್ರವಗಳಲ್ಲಿ ಫಾರ್ಮಾಲ್ಡಿಹೈಡ್ ಇರುತ್ತದೆ. ಪ್ರಯೋಗಶಾಲೆಯ ಜಾಡಿಗಳಲ್ಲಿ ಕಪ್ಪೆ ಮೀನುಗಳು ಕೊಳೆಯದಂತೆ ಇಡುವುದು ಇದರಿಂದಲೇ. ಸೆಪ್ಟಿಕ್ ತೊಟ್ಟಿ ಕೆಲಸ ಮಾಡುವುದು ಗಾಳಿಯಿಲ್ಲದೆ ಬದುಕುವ ಸೂಕ್ಷ್ಮಜೀವಿಗಳಿಂದ. ಈ ವಿಷವನ್ನು ಮತ್ತೆ ಮತ್ತೆ ಸುರಿದರೆ ಅವು ಸತ್ತು, ತೊಟ್ಟಿ ಬರಿಯ ಗುಂಡಿಯಾಗುತ್ತದೆ. ಸುಳ್ಯ ಪುತ್ತೂರಿನ ಕೃಷಿಕರಲ್ಲಿ ಎಷ್ಟೋ ಮಂದಿಯ ಮನೆಯಲ್ಲಿ ಗೋಬರ್ ಗ್ಯಾಸಿನ ಸ್ಥಾವರವಿದೆ. ಅತಿಥಿಯ ಪೆಟ್ಟಿಗೆಯನ್ನು ಅದಕ್ಕೆ ಬರಿದುಮಾಡಲು ಬಿಟ್ಟರೆ ಮರುದಿನ ಒಲೆ ಉರಿಯದೆ ಹೋದೀತು.

ನೀರಿನಂತೆ ಗಾಳಿಯಿಂದಲೂ ಅಪಾಯವುಂಟು, ಮತ್ತು ಅದು ಇನ್ನೂ ಬೇಗನೆ ಬರುತ್ತದೆ. ೨೦೨೪ರ ಡಿಸೆಂಬರಿನಲ್ಲಿ ಕೇರಳದ ವಡಗರದ ಹತ್ತಿರ ರಸ್ತೆಯ ಬದಿಯಲ್ಲಿ ನಿಂತಿದ್ದ ಮನೆಗಾಡಿಯೊಂದರಲ್ಲಿ ಇಬ್ಬರು ಮೃತರಾಗಿದ್ದುದು ಕಂಡುಬಂತು. ಜನರೇಟರಿನಿಂದ ಹೊರಟ ಕಾರ್ಬನ್ ಮಾನಾಕ್ಸೈಡ್ ಅನಿಲ ಒಳಗೆ ನುಗ್ಗಿದುದೇ ಕಾರಣವೆಂದು ಪರೀಕ್ಷೆಯಿಂದ ತಿಳಿಯಿತು. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತೂಕವೂ ಹೆಚ್ಚುಕಡಿಮೆ ಗಾಳಿಯಷ್ಟೇ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಕ್ಕ ಬಲದಿಂದ ಇದನ್ನು ಹಿಡಿದುಕೊಳ್ಳುತ್ತದೆ. ಮಲಗಿದವನಿಗೆ ಉಸಿರು ಕಟ್ಟಿದಂತೆಯೂ ತೋರುವುದಿಲ್ಲ, ನಿದ್ದೆಯೇ ಮರಣವಾಗುತ್ತದೆ.

ಸಂಚಾರಿ ಜನರೇಟರನ್ನಾಗಲಿ ಎಂಜಿನನ್ನಾಗಲಿ ರಾತ್ರಿಯಿಡೀ ಓಡಿಸುವುದೇಕೆ? ಸೆಖೆಯ ದೆಸೆಯಿಂದ. ೧೨ ವೋಲ್ಟಿನ, ೧೦೦ ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಇರುವ ಶಕ್ತಿ ೧,೨೦೦ ವಾಟ್-ಗಂಟೆ. ಫ್ಯಾನು ದೀಪಗಳು ಸೇರಿ ೪೦ ವಾಟ್ ಎಂದರೆ ಎಂಟು ಗಂಟೆಗೆ ೩೨೦ ಸಾಕು. ಆದರೆ ೧,೦೦೦ ವಾಟಿನ ತಂಪುಯಂತ್ರ ಅದೇ ಬ್ಯಾಟರಿಯನ್ನು ಒಂದು ಗಂಟೆಯ ಸುಮಾರಿಗೆ ಬರಿದುಮಾಡುತ್ತದೆ. ತಂಗುದಾಣದಲ್ಲಿ ೨೩೦ ವೋಲ್ಟಿನ, ೧೫ ಆಂಪಿಯರಿನ ಒಂದು ಪ್ಲಗ್ಗು ಇದ್ದರೆ ೩,೪೫೦ ವಾಟ್ ದೊರೆಯುತ್ತದೆ. ಜನರೇಟರಿನ ಮಾತೇ ಏಳುವುದಿಲ್ಲ. ಸರಿಯಾದ ಭೂಸಂಪರ್ಕವೂ, ಸೋರಿಕೆಯಾದೊಡನೆ ವಿದ್ಯುತ್ತನ್ನು ಕಡಿಯುವ ಸಾಧನವೂ ಇರುವ ಒಂದು ಕಂಬ ಜೀವವನ್ನು ಉಳಿಸಬಲ್ಲುದು. ಒಲೆಯ ಅನಿಲದ ಸಂಗತಿ ಬೇರೆ: ಎಲ್‌ಪಿಜಿ ಗಾಳಿಗಿಂತ ಭಾರ; ಸೋರಿದರೆ ನೆಲದಲ್ಲಿ ಕೊಳದಂತೆ ನಿಲ್ಲುತ್ತದೆ. ಆದುದರಿಂದ ಅದಕ್ಕೆ ಕಿಂಡಿ ಇರಬೇಕಾದುದು ಗಾಡಿಯ ತಳದಲ್ಲಿ. ಸೆಖೆಗೆ ಹೆದರದವರೂ ಕಿಟಿಕಿಯನ್ನು ಪೂರ್ತಿ ಮುಚ್ಚಬಾರದು. ನಿದ್ರಿಸುವ ಮನುಷ್ಯ ಗಂಟೆಗೆ ಮೂವತ್ತು ನಲವತ್ತು ಗ್ರಾಂ ನೀರಾವಿಯನ್ನು ಬಿಡುತ್ತಾನೆ. ನಾಲ್ವರು ಎಂಟು ಗಂಟೆ ಮಲಗಿದರೆ ಬೆಳಗ್ಗೆ ಒಂದು ಲೀಟರಿನಷ್ಟು ನೀರು ಗೋಡೆ ಹಾಸಿಗೆಗಳಲ್ಲಿರುತ್ತದೆ.

ಇನ್ನು ಸ್ಥಳದ ಆಯ್ಕೆ. ಒಂದು ರಾತ್ರಿ ನೂರು ಮಿಲಿಮೀಟರ್ ಮಳೆ ಬೀಳುವುದು ಆಟಿ ತಿಂಗಳಲ್ಲಿ ಇಲ್ಲಿ ಅಪರೂಪವಲ್ಲ. ೨೫ ಸೆಂಟ್ಸ್ ಅಂಗಳದ ಮೇಲೆ ಅಷ್ಟು ಬಿದ್ದರೆ ಒಂದು ಲಕ್ಷ ಲೀಟರ್ ನೀರಾಯಿತು. ಅದು ಓಡಿಹೋಗಲು ಸುತ್ತ ಚರಂಡಿಯಿಲ್ಲದಿದ್ದರೆ ಮೂರು ನಾಲ್ಕು ಟನ್ನಿನ ಗಾಡಿ ಹೂತುಹೋಗುತ್ತದೆ. ಹೊಳೆಯ ಮರಳದಿಣ್ಣೆ ಚೆಲುವಾಗಿ ಕಂಡರೂ ಅಲ್ಲಿ ತಂಗುವುದು ಅವಿವೇಕ. ನಮ್ಮ ತಲೆಯ ಮೇಲೆ ನಕ್ಷತ್ರಗಳಿರುವಾಗಲೇ ೧,೭೧೨ ಮೀಟರ್ ಎತ್ತರದ ಪುಷ್ಪಗಿರಿಯಲ್ಲಿ ಮಳೆ ಸುರಿದು ಕುಮಾರಧಾರಾ ಉಕ್ಕಬಹುದು. ರಸ್ತೆಗಾಗಿ ಕಡಿದ ಗುಡ್ಡದ ಬುಡವೂ ಬೇಡ: ೨೦೧೮ರ ಆಗಸ್ಟಿನಲ್ಲಿ ಜೋಡುಪಾಲದ ಸುತ್ತ ಬೆಟ್ಟಗಳು ಜರಿದು ಸಂಪಾಜೆ-ಮಡಿಕೇರಿ ರಸ್ತೆಯೇ ಮುಚ್ಚಿಹೋಗಿತ್ತು. ಕಾಡಿನ ಅಂಚಿನ ಏಕಾಂತವನ್ನು ಬಯಸುವವರು ೨೦೨೩ರ ಫೆಬ್ರವರಿಯಲ್ಲಿ ಕಡಬ ತಾಲೂಕಿನ ರೆಂಜಿಲಾಡಿಯಲ್ಲಿ ಕಾಡಾನೆಯಿಂದ ಇಬ್ಬರು ಮಡಿದುದನ್ನು ನೆನೆಯಬೇಕು. ಮುರಕಲ್ಲಿನ ಪದವು ಗಟ್ಟಿಯಾದ ಒಳ್ಳೆಯ ನೆಲ. ಆದರೆ ಮಳೆಗಾಲದ ಮೊದಲೂ ಕೊನೆಯಲ್ಲೂ ಅಲ್ಲಿ ಸಿಡಿಲಿನ ಭಯವಿದೆ. ಉಕ್ಕಿನ ಒಡಲಿನ ಗಾಡಿಯಾದರೆ ಸಿಡಿಲಿನ ವಿದ್ಯುತ್ತು ಹೊರಮೈಯಲ್ಲೇ ಹರಿದು ನೆಲಕ್ಕಿಳಿಯುತ್ತದೆ. ನಾರುಗಾಜಿನ ಒಡಲಾದರೆ ಈ ರಕ್ಷೆ ಇಲ್ಲ.

ಹಾಗಾದರೆ ಈ ಮೂರು ತಾಲೂಕುಗಳಿಗೆ ಎಷ್ಟು ತಂಗುದಾಣಗಳು ಬೇಕು? ಬಹಳ ಬೇಕಿಲ್ಲವೆಂದು ನಮಗೆ ತೋರುತ್ತದೆ. ಮಲಗಲು ಸ್ಥಳವನ್ನು ಪೆಟ್ರೋಲ್ ಬಂಕಿನ ಬದಿ, ವಸತಿಗೃಹದ ಅಂಗಳ, ಅಡಕೆ ಒಣಗಿಸುವ ಕಾಲ ಮುಗಿದ ಮೇಲೆ ಕೃಷಿಕರ ಅಂಗಳ ಇವೂ ಒದಗಿಸಬಲ್ಲವು. ಕೇಳಿ ಒಪ್ಪಿಗೆ ಪಡೆದರಾಯಿತು. ಶೌಚದ ಪೆಟ್ಟಿಗೆ ಎರಡು ದಿನ ತಾಳುವುದರಿಂದ, ಅದನ್ನು ಬರಿದುಮಾಡುವ ಹಾಸು ಪುತ್ತೂರಿನಲ್ಲೊಂದು, ಸುಳ್ಯದಲ್ಲೊಂದು, ಸುಬ್ರಹ್ಮಣ್ಯದಲ್ಲೊಂದು ಇದ್ದರೆ ಸಾಕು. ಸುಬ್ರಹ್ಮಣ್ಯದ್ದನ್ನು ಮಾತ್ರ ದೊಡ್ಡದಾಗಿ ಕಟ್ಟಬೇಕು, ಸ್ನಾನಗೃಹ ಶೌಚಗೃಹಗಳನ್ನೂ ಜೊತೆಗಿಡಬೇಕು. ಚಂಪಾ ಷಷ್ಠಿಯ ದಿನಗಳಲ್ಲಿ ಅಲ್ಲಿಗೆ ಬರುವ ಬಸ್ಸು ವ್ಯಾನುಗಳಲ್ಲಿ ಮಂಚವಿಲ್ಲ, ಶೌಚದ ಪೆಟ್ಟಿಗೆಯೂ ಇಲ್ಲ; ಆದರೂ ಅವುಗಳೊಳಗೆ ಮಲಗಿ, ದಾರಿಬದಿಯಲ್ಲಿ ಅನ್ನ ಬೇಯಿಸಿ ರಾತ್ರಿ ಕಳೆಯುವ ಯಾತ್ರಿಕರು ಮನೆಗಾಡಿಯವರಿಗಿಂತ ಎಷ್ಟೋ ಪಾಲು ಹೆಚ್ಚು.