ಗಾಜಿನ ಹೆಂಚು, ಗ್ರಾಫಿಕ್ಸ್ ಕಾರ್ಡು

ನಮ್ಮನೆ ಕಂಪ್ಯೂಟರಿನೊಳಗೆ ಎಂಟು ವರ್ಷದಿಂದ ಕೂತಿದ್ದ ಗ್ರಾಫಿಕ್ಸ್ ಕಾರ್ಡು ಎನ್ವಿಡಿಯಾ ಕಂಪನಿಯ ಜಿಟಿಎಕ್ಸ್ 1060. 2016ರ ಜುಲೈನಲ್ಲಿ ಮಾರುಕಟ್ಟೆಗೆ ಬಂದ ಮಾಡೆಲ್ಲು, ನಾನು ಕೊಂಡಿದ್ದು 2017ರಲ್ಲಿ. ನಮ್ಮೂರ ಕಡೆ ಸ್ಪ್ಲೆಂಡರ್ ಬೈಕಿಗೆ ಎಂಥ ಮರ್ಯಾದೆ ಇದೆಯೋ, ಕಂಪ್ಯೂಟರ್ ಆಟ ಆಡುವವರ ನಡುವೆ ಇದಕ್ಕೆ ಅಂಥ ಮರ್ಯಾದೆ. ಸ್ಟೀಮ್‌ನವರು ತಿಂಗಳು ತಿಂಗಳು ಮಾಡುವ ಗಣತಿಯಲ್ಲಿ ವರ್ಷಾನುಗಟ್ಟಲೆ, 2022ರ ಕೊನೆ ಭಾಗದವರೆಗೂ, ಇದೇ ಮೊದಲ ಸ್ಥಾನದಲ್ಲಿತ್ತು. ಕೆಟ್ಟಿಲ್ಲ, ಬಿಸಿಯಾಗಿಲ್ಲ, ಫ್ಯಾನಿನಲ್ಲಿ ಒಂಚೂರು ಗೊರಗೊರ ಸದ್ದು ಬಿಟ್ಟರೆ ಒಂದು ದಿನ ತಕರಾರು ಮಾಡಿದ್ದಿಲ್ಲ. ಹಾಗಿದ್ದೂ 2025ರ ಡಿಸೆಂಬರಿನಲ್ಲಿ ಅದನ್ನು ಬಿಚ್ಚಿ ತೆಗೆಯಬೇಕಾಯಿತು.

ಕಾರಣ ಒಂದು ಆಟ. 'ಇಂಡಿಯಾನಾ ಜೋನ್ಸ್ ಆಂಡ್ ದ ಗ್ರೇಟ್ ಸರ್ಕಲ್'. ಸ್ವೀಡನ್ನಿನ ಮಷೀನ್‌ಗೇಮ್ಸ್ ತಯಾರಿಸಿದ್ದು, 2024ರ ಡಿಸೆಂಬರಿನಲ್ಲಿ ಬಿಡುಗಡೆಯಾದದ್ದು. ವರ್ಷ ಹಳೆಯದು ಅಂತೀರಾ? ಇರಲಿ, ನಮ್ಮ ಮನೆಗೆ ಹೊಸದು. ಕಥೆ ನಡೆಯುವುದು 1937ರಲ್ಲಿ. ವ್ಯಾಟಿಕನ್ನು, ಈಜಿಪ್ಟಿನ ಗೀಜಾ, ಥಾಯ್ಲೆಂಡಿನ ಸುಖೋಥಾಯ್ ಅಂತೆಲ್ಲ ಸುತ್ತಿಸುತ್ತಾರೆ. ಇಂಡಿಯಾನಾ ಜೋನ್ಸ್ ಅಂದಕೂಡಲೇ ನಮ್ಮ ಪೀಳಿಗೆಯವರಿಗೆ ನೆನಪಾಗುವುದು 'ಟೆಂಪಲ್ ಆಫ್ ಡೂಮ್'ನಲ್ಲಿ ಅಮರೀಶ್ ಪುರಿ ಮಾಡಿದ ಮೋಲಾರಾಮ್ ಮತ್ತು ಆ ಮಂಗನ ಮಿದುಳಿನ ಊಟ! ನಮ್ಮ ಸರ್ಕಾರ ಚಿತ್ರೀಕರಣಕ್ಕೆ ಒಪ್ಪದೆ ಅವರು ಶ್ರೀಲಂಕಾದ ಕ್ಯಾಂಡಿಗೆ ಹೋಗಿ ಚಿತ್ರ ತೆಗೆದಿದ್ದರು. ಒಪ್ಪದಿದ್ದದ್ದೇ ಸರಿ ಅನ್ನುವವನು ನಾನು. ಆದರೆ ಮಗಳಿಗೆ ಮೊದಲ ಮತ್ತು ಮೂರನೆಯ ಸಿನಿಮಾ ಎಂದರೆ ಪ್ರಾಣ, ಅವೆರಡರ ನಡುವಿನ ಕಾಲದಲ್ಲೇ ಈ ಆಟದ ಕಥೆ ಬರುವುದು.

ಆಟವೇನೋ ಕೊಂಡಾಗಿತ್ತು, ಇಳಿಸಿಕೊಂಡೂ ಆಯಿತು. ತೆರೆಯಲು ಹೋದರೆ ಒಳಗೇ ಬಿಡಲಿಲ್ಲ. ನಿಧಾನಕ್ಕೆ ಓಡುತ್ತದೆ, ಚಿತ್ರ ಒಡೆಯುತ್ತದೆ, ಸೆಟ್ಟಿಂಗ್ ಇಳಿಸಿದರೆ ಹೇಗೋ ನಡೆಯುತ್ತದೆ, ಅದೆಲ್ಲ ಹಳೇ ಕಾಲ. ಈ ಆಟ 1060 ಇರುವ ಯಂತ್ರದಲ್ಲಿ ಬಾಗಿಲೇ ತೆಗೆಯುವುದಿಲ್ಲ. 2025ರ ಮೇ ತಿಂಗಳಲ್ಲಿ ಬಂದ 'ಡೂಮ್: ದ ಡಾರ್ಕ್ ಏಜಸ್' ಕೂಡ ಹೀಗೇ. ಎರಡಕ್ಕೂ ರೇ ಟ್ರೇಸಿಂಗ್ ಮಾಡುವ ಹಾರ್ಡ್‌ವೇರ್ ಕಡ್ಡಾಯ. ಆರ್‌ಟಿಎಕ್ಸ್ 2060 ಸೂಪರ್ ಇಲ್ಲವೇ ರೇಡಿಯಾನ್ ಆರ್‌ಎಕ್ಸ್ 6600, ಜೊತೆಗೆ 8 ಜಿಬಿ ಮೆಮೊರಿ, ಅದಕ್ಕಿಂತ ಕಮ್ಮಿ ಇದ್ದರೆ ನಮಸ್ಕಾರ.

ಏನಿದು ರೇ ಟ್ರೇಸಿಂಗ್ ಅಂತ ನನ್ನಾಕೆ ಕೇಳಿದಳು. ಅವಳಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ.

ಸಾಗರದ ಹತ್ತಿರದ ನಮ್ಮ ಹಳೇ ಮನೆಯ ಅಡುಗೆಮನೆ ಮಾಡಿನಲ್ಲಿ ಒಂದು ಗಾಜಿನ ಹೆಂಚಿದೆ. ಮಲೆನಾಡಿನವರಿಗೆಲ್ಲ ಗೊತ್ತು, ನೂರಾರು ಮಂಗಳೂರು ಹೆಂಚಿನ ನಡುವೆ ಒಂದೋ ಎರಡೋ ಗಾಜಿನವು, ಬೆಳಕಿಗೆ ಅಂತ. ಹನ್ನೊಂದು ಗಂಟೆ ಹೊತ್ತಿಗೆ ಅದರಿಂದ ಒಂದು ಬಿಸಿಲುಕೋಲು ಒಲೆಯ ಹೊಗೆಯನ್ನು ಸೀಳಿಕೊಂಡು ಬಂದು ಕೆಂಪು ಕಾವಿ ನೆಲದ ಮೇಲೆ ಚೌಕವಾಗಿ ಬೀಳುತ್ತದೆ. ಬಿಸಿಲು ಬಿದ್ದಿರುವುದು ಒಂದು ಚೌಕದಷ್ಟು ಜಾಗಕ್ಕೆ, ಬೆಳಕಾಗುವುದು ಮಾತ್ರ ಇಡೀ ಅಡುಗೆಮನೆ! ನೆಲಕ್ಕೆ ತಾಗಿದ ಬೆಳಕು ಕೆಂಪು ಬಣ್ಣ ಹತ್ತಿಸಿಕೊಂಡು ಸುಣ್ಣದ ಗೋಡೆಗೆ ಹೋಗುತ್ತದೆ, ಗೋಡೆಯಿಂದ ಹಿತ್ತಾಳೆ ಕೊಡಕ್ಕೆ, ಅಲ್ಲಿಂದ ಅಮ್ಮನ ಮುಖಕ್ಕೆ. ಗೋಡೆಯ ಕೆಳಭಾಗ ಸ್ವಲ್ಪ ಕೆಂಪಗೆ ಕಾಣುವುದು ಅದಕ್ಕೇ.

ಇದನ್ನು ಕಂಪ್ಯೂಟರ್ ಆಟದಲ್ಲಿ ತೋರಿಸಬೇಕಾದರೆ ಹಳೇ ಪದ್ಧತಿ ಏನೆಂದರೆ, ಆಟ ತಯಾರಿಸುವವರು ತಮ್ಮ ಕಚೇರಿಯ ದೊಡ್ಡ ಯಂತ್ರಗಳಲ್ಲಿ ಗಂಟೆಗಟ್ಟಲೆ ಲೆಕ್ಕ ಹಾಕಿ, ಗೋಡೆಯ ಯಾವ ಭಾಗ ಎಷ್ಟು ಕೆಂಪು ಎಂಬುದನ್ನು ಮೊದಲೇ ಬಳಿದು ಕಳಿಸುತ್ತಿದ್ದರು. ನಮ್ಮ ಕಾರ್ಡಿನ ಕೆಲಸ ಬಳಿದದ್ದನ್ನು ತೋರಿಸುವುದಷ್ಟೇ. ಕೊಡವನ್ನು ಅತ್ತಿತ್ತ ಸರಿಸಿದರೆ ಅಥವಾ ಬಾಗಿಲು ಮುಚ್ಚಿದರೆ ಮೋಸ ಗೊತ್ತಾಗಿಬಿಡುತ್ತಿತ್ತು. ಹೊಸ ಪದ್ಧತಿಯಲ್ಲಿ ಬಳಿಯುವುದಿಲ್ಲ; ಬೆಳಕಿನ ಕಿರಣ ಎಲ್ಲಿ ತಾಗಿ ಎಲ್ಲಿಗೆ ಪುಟಿಯುತ್ತದೆ ಎಂದು ಆಟ ನಡೆಯುವಾಗಲೇ ಲೆಕ್ಕ. ಸೆಕೆಂಡಿಗೆ ಅರವತ್ತು ಚಿತ್ರ ಬೇಕೆಂದರೆ ಒಂದು ಚಿತ್ರಕ್ಕೆ ಸಿಗುವುದು ಸುಮಾರು 17 ಮಿಲಿಸೆಕೆಂಡು. ಇದಕ್ಕೆಂದೇ ಬೇರೆ ಸರ್ಕ್ಯೂಟು ಇಲ್ಲದ ಕಾರ್ಡುಗಳಿಗೆ ಇದು ಆಗುವ ಹೋಗುವ ಮಾತಲ್ಲ. ಎನ್ವಿಡಿಯಾದವರು ಆ ಸರ್ಕ್ಯೂಟನ್ನು ಮನೆಬಳಕೆಯ ಕಾರ್ಡಿನಲ್ಲಿ ಮೊದಲು ಇಟ್ಟದ್ದು 2018ರ ಸೆಪ್ಟೆಂಬರಿನಲ್ಲಿ, ಆರ್‌ಟಿಎಕ್ಸ್ 20 ಸರಣಿಯಲ್ಲಿ. ನನ್ನದು ಅದಕ್ಕಿಂತ ಹಿಂದಿನದು.

ಇಲ್ಲೊಂದು ಸ್ವಾರಸ್ಯ ಇದೆ. ಈ ವಿದ್ಯೆಯ ಆಧುನಿಕ ರೂಪದ ತವರು ನಮ್ಮ ನ್ಯೂಜೆರ್ಸಿಯೇ. ಹೋಲ್ಮ್‌ಡೆಲ್‌ನ ಬೆಲ್ ಲ್ಯಾಬ್ಸ್‌ನಲ್ಲಿದ್ದ ಟರ್ನರ್ ವಿಟೆಡ್ 1980ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಒಂದು ಚಿತ್ರವಿದೆ. ಕೆಂಪು-ಹಳದಿ ಚೌಕಳಿ ನೆಲದ ಮೇಲೆ ತೇಲುವ ಎರಡು ಗೋಲಗಳು, ಒಂದು ಗಾಜಿನಂತೆ ಪಾರದರ್ಶಕ, ಇನ್ನೊಂದು ಕನ್ನಡಿಯಂತೆ ಹೊಳಪು. ವ್ಯಾಕ್ಸ್ ಯಂತ್ರದಲ್ಲಿ ಆ ಒಂದೇ ಚಿತ್ರಕ್ಕೆ 74 ನಿಮಿಷ ಹಿಡಿದಿತ್ತು. ಎರಡು ಗೋಲಕ್ಕೆ ಒಂದೂಕಾಲು ಗಂಟೆ ಸ್ವಾಮಿ! ಆ ಕಟ್ಟಡ ಈಗಲೂ ಇದೆ, ಬೆಲ್ ವರ್ಕ್ಸ್ ಅಂತ ಹೆಸರು ಬದಲಾಗಿದೆ. ಒಳಗೆ ಅಂಗಡಿ, ಕಾಫಿ, ಲೈಬ್ರರಿ ಎಲ್ಲ ಇವೆ.

ಇಷ್ಟೆಲ್ಲ ಕೇಳಿಸಿಕೊಂಡ ನನ್ನಾಕೆ, "ರೀ, ಗೋಡೆ ಕೆಂಪಗೆ ಕಾಣ್ಸೋಕೆ ಮುನ್ನೂರೈವತ್ತು ಡಾಲರಾ?" ಅಂದಳು.

ಅವಳ ಮಾತಿನಲ್ಲಿ ತೂಕವಿತ್ತು. ಮಗಳು 2026ರ ಆಗಸ್ಟಿಗೆ ಕಾಲೇಜಿಗೆ ಹೊರಡುವವಳು. ಫೀಸು ಬೇರೆ, ಹಾಸ್ಟೆಲ್ಲು ಬೇರೆ, ಒಂದು ಲ್ಯಾಪ್‌ಟಾಪ್ ಅಂತೂ ಆಗಲೇಬೇಕು. ಮನೆಯಲ್ಲೇ ಬಿಟ್ಟುಹೋಗುವ ಡಬ್ಬಕ್ಕೆ ಈಗ ಯಾಕೆ ದುಡ್ಡು ಸುರಿಯುವುದು? ನನ್ನ ಲೆಕ್ಕ ಬೇರೆಯಿತ್ತು. ಏಳನೇ ವಯಸ್ಸಿನಿಂದ ಕಂಪ್ಯೂಟರಿನ ಮುಂದೆ ಅವಳೊಂದು ಕುರ್ಚಿ, ನಾನೊಂದು ಕುರ್ಚಿ. ಅವಳು ಕೀಲಿಮಣೆ, ನಾನು ದಾರಿ ಹೇಳುವವನು. ಹೈಸ್ಕೂಲಿಗೆ ಬಂದ ಮೇಲೆ ಆ ಎರಡನೇ ಕುರ್ಚಿಯ ಮೇಲೆ ಬಟ್ಟೆ ರಾಶಿ ಬೀಳತೊಡಗಿತ್ತು. ಈಗ ಅವಳಾಗಿಯೇ "ಅಪ್ಪ, ಈ ಚಳಿಗಾಲದ ರಜೆಲಿ ಇದನ್ನ ಒಟ್ಟಿಗೆ ಮುಗ್ಸೋಣ" ಅಂದಿದ್ದಾಳೆ. ಮಕ್ಕಳ ಕಡೆಯಿಂದ ಇಂಥ ಆಹ್ವಾನ ಎಷ್ಟು ಸಲ ಬರುತ್ತದೆ ಅಂತ ಆ ವಯಸ್ಸಿನ ಮಕ್ಕಳಿರುವವರನ್ನೇ ಕೇಳಿ. ಇದನ್ನು ಹೆಂಡತಿಗೆ ಬಿಡಿಸಿ ಹೇಳಲಿಲ್ಲ. ಅರ್ಥವಾಗಿರಬೇಕು, ಸುಮ್ಮನಾದಳು. ಮಗಳು ಪಕ್ಕದ ಬೀದಿಯ ಮಕ್ಕಳನ್ನು ನೋಡಿಕೊಂಡು ಗಳಿಸಿದ ದುಡ್ಡಿನಲ್ಲಿ ಅರ್ಧ ಕೊಡುತ್ತೇನೆ ಅಂದಳು. ಬೇಡ ಅನ್ನಬೇಕೆನಿಸಿತು, ಅನ್ನಲಿಲ್ಲ. ಅವಳ ದುಡ್ಡೂ ಸೇರಿದರೆ ಅದು ಅವಳ ಕಾರ್ಡೂ ಆಗುತ್ತದಲ್ಲ.

ಹೈವೇ ಪಕ್ಕದ ಒಂದು ದೊಡ್ಡ ಅಂಗಡಿಗೆ ವಿಚಾರಿಸಲು ಹೋಗಿದ್ದೆವು. ಅಲ್ಲಿನ ಹುಡುಗ ನಮ್ಮ ಯಂತ್ರದ ವಯಸ್ಸು ಕೇಳಿ, ಡಾಕ್ಟರರು ತಲೆ ಅಲ್ಲಾಡಿಸುವ ಹಾಗೆ ಅಲ್ಲಾಡಿಸಿ, ಸಾವಿರದ ನಾನೂರು ಡಾಲರಿನ ಇಡೀ ಹೊಸ ಸೆಟ್ಟನ್ನೇ ತೋರಿಸಿದ. ಎಸ್.ಪಿ. ರೋಡಿನ ಓಣಿಗಳಲ್ಲಿ ಕ್ಯಾಬಿನೆಟ್ ಒಂದು ಕಡೆ, ಮದರ್‌ಬೋರ್ಡ್ ಇನ್ನೊಂದು ಕಡೆ ಚೌಕಾಸಿ ಮಾಡಿ, ಬೆವರು ಒರೆಸಿಕೊಳ್ಳುತ್ತ ಕಂಪ್ಯೂಟರ್ ಜೋಡಿಸಿಕೊಂಡು ಬಂದವರನ್ನು ಅಷ್ಟು ಸುಲಭಕ್ಕೆ ಬೀಳಿಸಲಾಗದು. ನಮ್ಮದು 2019ರಲ್ಲಿ ಜೋಡಿಸಿದ ಯಂತ್ರ. ರೈಜನ್ 5 3600 ಪ್ರೊಸೆಸರು, ಬಿ450 ಬೋರ್ಡು, 16 ಜಿಬಿ ರ‍್ಯಾಮು. ಇಂಡಿಯಾನಾ ಜೋನ್ಸ್ ಕೇಳುವ ಕನಿಷ್ಠ ಪ್ರೊಸೆಸರು ಇದೇ 3600, ಕನಿಷ್ಠ ರ‍್ಯಾಮು ಇದೇ 16. ಅಂದರೆ ಕೊರತೆ ಇದ್ದದ್ದು ಕಾರ್ಡೊಂದರದೇ.

ಯಾವ ಕಾರ್ಡು? ಇಲ್ಲಿ ತಲೆ ಸ್ವಲ್ಪ ಓಡಿಸಬೇಕು, ಏಕೆಂದರೆ ಪೆಟ್ಟಿಗೆಯ ಮೇಲಿನ ಹೆಸರುಗಳೆಲ್ಲ ಗೊಂದಲ ಮಾಡುವುದಕ್ಕೇ ಇಟ್ಟಂತಿವೆ. 2025ರ ಮೇನಲ್ಲಿ ಬಂದ ಆರ್‌ಟಿಎಕ್ಸ್ 5060, ಘೋಷಿತ ಬೆಲೆ 299 ಡಾಲರು, ಮೆಮೊರಿ 8 ಜಿಬಿ. ಅದರಣ್ಣ 5060 ಟಿಐ ಎರಡು ಅವತಾರದಲ್ಲಿದೆ: 8 ಜಿಬಿಯದು 379, 16 ಜಿಬಿಯದು 429. ಎಎಮ್‌ಡಿಯ ಆರ್‌ಎಕ್ಸ್ 9060 ಎಕ್ಸ್‌ಟಿ 2025ರ ಜೂನಿನಲ್ಲಿ ಬಂತು, ಅದೂ ಎರಡು ಬಗೆ, 299 ಮತ್ತು 349. ಇಂಟೆಲ್‌ನ ಆರ್ಕ್ ಬಿ580, 12 ಜಿಬಿ, 249 ಡಾಲರು, 2024ರ ಡಿಸೆಂಬರಿನದು. ಒಂದೇ ಹೆಸರಿನಲ್ಲಿ ಅರ್ಧ ಮೆಮೊರಿಯದನ್ನೂ ಪೂರ್ತಿ ಮೆಮೊರಿಯದನ್ನೂ ಮಾರುವುದು ಗಿರಾಕಿಗೆ ಮಾಡುವ ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಗೊತ್ತಿಲ್ಲದವರು ಹೆಸರು ನೋಡಿ ಅಗ್ಗದ್ದನ್ನು ಎತ್ತಿಕೊಂಡು ಬರುತ್ತಾರೆ.

ಹಳೇ ಬೋರ್ಡು ಇರುವವರು ನೋಡಲೇಬೇಕಾದ್ದು ಇನ್ನೊಂದಿದೆ. ಕಾರ್ಡು ಬೋರ್ಡಿಗೆ ಕೂರುವ ಪಿಸಿಐ ಎಕ್ಸ್‌ಪ್ರೆಸ್ ಸಂದಿಯಲ್ಲಿ ಹದಿನಾರು ಲೇನುಗಳಿರುತ್ತವೆ. ಆದರೆ 5060, 5060 ಟಿಐ, ಬಿ580 ಮೂರೂ ಬಳಸುವುದು ಎಂಟೇ ಲೇನು. ಹೊಸ ಬೋರ್ಡಿನಲ್ಲಿ ಪ್ರತಿ ಲೇನೂ ವೇಗದ್ದು, ಎಂಟೇ ಸಾಕು. ನಮ್ಮ ಬಿ450ಯದು ಮೂರನೇ ತಲೆಮಾರಿನ ಸಂದಿ. ಟರ್ನ್‌ಪೈಕಿನ ಟೋಲ್‌ಗೇಟಿನಲ್ಲಿ ಅರ್ಧ ಬೂತು ಮುಚ್ಚಿದರೆ ಹೇಗೆ? ರಸ್ತೆ ಖಾಲಿ ಇದ್ದಾಗ ಗೊತ್ತಾಗುವುದಿಲ್ಲ. ಕಾರ್ಡಿನ ಸ್ವಂತ ಮೆಮೊರಿ ತುಂಬಿ, ಉಳಿದದ್ದನ್ನು ಕಂಪ್ಯೂಟರಿನ ರ‍್ಯಾಮಿನಿಂದ ಎಳೆದು ತರಬೇಕಾದಾಗ ಸಾಲು ಮೈಲುಗಟ್ಟಲೆ ನಿಲ್ಲುತ್ತದೆ. 8 ಜಿಬಿ ಕಾರ್ಡನ್ನು ಹಳೇ ಬೋರ್ಡಿಗೆ ಹಾಕಿದವರಿಗೆ ಎರಡು ಕಡೆಯಿಂದಲೂ ಪೆಟ್ಟು. ಬಿ580ಗೆ ಮತ್ತೊಂದು ತೊಡಕು: ರೈಜನ್ 5 2600, 3600ರಂಥ ಹಳೇ ಪ್ರೊಸೆಸರುಗಳ ಜೊತೆ ಅದರ ಡ್ರೈವರು ಸೊರಗುತ್ತದೆ ಎಂಬುದನ್ನು 2025ರ ಆರಂಭದಲ್ಲೇ ಪರೀಕ್ಷಕರು ತೋರಿಸಿದ್ದರು. 9060 ಎಕ್ಸ್‌ಟಿ ಹದಿನಾರೂ ಲೇನು ಬಳಸುತ್ತದೆ. ಹಾಗಾಗಿ ಅದರ 16 ಜಿಬಿ ಅವತಾರವೇ ನಮ್ಮದಾಯಿತು. 349ರ ಮೇಲೆ ನ್ಯೂಜೆರ್ಸಿಯ 6.625 ಶೇಕಡಾ ತೆರಿಗೆ ಸೇರಿ 372 ಚಿಲ್ಲರೆ. ವರ್ಷದ ಕೊನೆಗೆ ಎಐ ಕಂಪನಿಗಳ ಹಸಿವಿನಿಂದ ಮೆಮೊರಿ ಚಿಪ್ಪುಗಳ ಬೆಲೆ ಗಗನಕ್ಕೇರುತ್ತಿತ್ತು, ಇನ್ನು ಕಾಯುವುದರಲ್ಲಿ ಅರ್ಥವಿರಲಿಲ್ಲ.

ವಿದ್ಯುತ್ತಿನ ಚಿಂತೆ ಅಷ್ಟಿರಲಿಲ್ಲ. 1060 ತಿನ್ನುತ್ತಿದ್ದದ್ದು 120 ವಾಟು, ಇದಕ್ಕೆ 160. ನಮ್ಮ ಪವರ್ ಸಪ್ಲೈ 550ರದ್ದು. ಹಳೇ ಕಾರ್ಡಿಗೆ ಆರು ಪಿನ್ನಿನ ವೈರು ಸಾಕಾಗುತ್ತಿತ್ತು, ಪಕ್ಕದಲ್ಲಿ ಎರಡು ಪಿನ್ನಿನ ಪುಟ್ಟ ತುಂಡೊಂದು ಆರು ವರ್ಷದಿಂದ ಕೆಲಸವಿಲ್ಲದೆ ಜೋತಾಡುತ್ತಿತ್ತು. ಎಂಟು ಪಿನ್ನು ಕೇಳುವ ಹೊಸ ಕಾರ್ಡು ಬಂದ ಮೇಲೆ ಅದಕ್ಕೂ ನೌಕರಿ ಸಿಕ್ಕಿತು :-) ಉದ್ದವನ್ನು ಮಾತ್ರ ಟೇಪು ಹಿಡಿದು ಅಳೆಯಲೇಬೇಕು. ಮೂರು ಫ್ಯಾನಿನ ಕಾರ್ಡುಗಳು ಒಳ್ಳೇ ದೋಸೆಕಾವಲಿಯಷ್ಟು ದೊಡ್ಡವು, ಎಷ್ಟೋ ಹಳೇ ಡಬ್ಬಗಳಲ್ಲಿ ಹಿಡಿಸುವುದಿಲ್ಲ. ನಾವು ಎರಡು ಫ್ಯಾನಿನದನ್ನೇ ತಂದೆವು.

ಬಿಚ್ಚುವ ಮುಂಚೆ ಮಾಡಬೇಕಾದ್ದೇ ಜಾಸ್ತಿ. ಕಂಪನಿ ಬದಲಾಗುವುದರಿಂದ ಸೇಫ್ ಮೋಡಿನಲ್ಲಿ ಹೋಗಿ ಎನ್ವಿಡಿಯಾ ಡ್ರೈವರನ್ನು ಬೇರುಸಮೇತ ಕಿತ್ತು ಹಾಕಬೇಕು, ಅದಕ್ಕೆ ಡಿಡಿಯು ಎಂಬ ಉಚಿತ ತಂತ್ರಾಂಶ ಇದೆ. ಬೋರ್ಡಿನ ಬಯಾಸ್ ಹೊಸದು ಮಾಡಿಕೊಳ್ಳಬೇಕು. ಹಳೇ ಕಾಲದ ಬೂಟಿಂಗಿಗಾಗಿ ಇರುವ ಸಿಎಸ್ಎಮ್ ಎಂಬುದನ್ನು ಆರಿಸಿ, ರೀಸೈಜಬಲ್ ಬಾರ್ ಎಂಬುದನ್ನು ಹಚ್ಚಬೇಕು. ಸಿಎಸ್ಎಮ್ ಆರಿಸುವ ಮುಂಚೆ ಡಿಸ್ಕು ಜಿಪಿಟಿ ಪದ್ಧತಿಯಲ್ಲಿದೆಯೋ ಇಲ್ಲವೋ ನೋಡಿಕೊಳ್ಳಿ. ಎಮ್‌ಬಿಆರ್ ಪದ್ಧತಿಯಲ್ಲಿದ್ದರೆ ವಿಂಡೋಸ್ ಏಳುವುದೇ ಇಲ್ಲ, ಮೊದಲು ಬದಲಾಯಿಸಿಕೊಳ್ಳಬೇಕು. ಅದಕ್ಕೆ ವಿಂಡೋಸಿನಲ್ಲೇ ಸಲಕರಣೆ ಇದೆ. ಮುಖ್ಯವಾದ ಫೈಲುಗಳು, ಊರಿನ ಫೋಟೋಗಳು ಬೇರೆ ಕಡೆ ಇರಲಿ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿದದ್ದರಿಂದ ಅದೇ ವಾರ 11ಕ್ಕೂ ಹತ್ತಿದೆವು.

ಇಲ್ಲಿನ ಚಳಿಗಾಲದಲ್ಲಿ ಇನ್ನೊಂದು ಕಾಟ, ಸ್ಥಾಯಿ ವಿದ್ಯುತ್ತು. ಹೀಟರಿನ ಒಣಗಾಳಿ, ಕಾರ್ಪೆಟ್ಟು, ಉಣ್ಣೆ ಕಾಲುಚೀಲ ಮೂರೂ ಸೇರಿದರೆ ಬಾಗಿಲ ಹಿಡಿಕೆ ಮುಟ್ಟಿದರೂ ಚಟ್ ಅನ್ನುತ್ತದೆ. ನಮ್ಮ ಬೆರಳಿಗೆ ಚಟ್ ಅಂದದ್ದು ಚಿಪ್ಪಿಗೆ ಸಿಡಿಲು. ಬರಿಗಾಲಲ್ಲಿ ಅಡುಗೆಮನೆಯ ಟೈಲ್ಸ್ ಮೇಲೆ ನಿಂತು, ಡಬ್ಬದ ಕಬ್ಬಿಣ ಮುಟ್ಟಿ ಮುಟ್ಟಿ ಕೆಲಸ ಮಾಡಿದೆವು. ಮಾಡಿದೆವು ಏನು ಬಂತು, ಮಗಳೇ ಮಾಡಿದಳು. ನಾನು ಫ್ಲಾಶ್‌ಲೈಟ್ ಹಿಡಿದಿದ್ದೆ. ಸಂದಿಯ ತುದಿಯಲ್ಲಿ ಒಂದು ಪುಟ್ಟ ಕೊಂಡಿ ಇರುತ್ತದೆ, ಅದನ್ನು ಒತ್ತದೆ ಕಾರ್ಡು ಎಳೆದರೆ ಬೋರ್ಡೇ ಕಿತ್ತು ಬರುತ್ತದೆ. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ಚಾಪ್‌ಸ್ಟಿಕ್ ತುದಿಯಿಂದ ಕೊಂಡಿ ಒತ್ತಿ ಆಗಿತ್ತು.

ಆಟ ಶುರುವಾಯಿತು. ಟೆಕ್ಸ್ಚರುಗಳಿಗೆ ಎಷ್ಟು ಮೆಮೊರಿ ಕೊಡಲಿ ಎಂದು ಆಟವೇ ಕೇಳುತ್ತದೆ. 16 ಜಿಬಿ ಇದ್ದದ್ದರಿಂದ ಧಾರಾಳವಾಗಿ ಕೊಟ್ಟೆವು. ನಮ್ಮದು ಹಳೇ 1080 ಗೆರೆಗಳ ಮಾನಿಟರು, ಸೆಕೆಂಡಿಗೆ ಅರವತ್ತೇ ಚಿತ್ರ ತೋರಿಸುವುದು, ಅಷ್ಟಕ್ಕೆ ಈ ಕಾರ್ಡು ಬೇಕಾದಷ್ಟಾಯಿತು. ವ್ಯಾಟಿಕನ್ನಿನ ಒಂದು ಮೊಗಸಾಲೆಯಲ್ಲಿ ಮೇಲಿನ ಕಿಟಕಿಯಿಂದ ಬಿಸಿಲು ನೆಲಕ್ಕೆ ಬಿದ್ದು ಎದುರುಗೋಡೆಯೆಲ್ಲ ಬೆಚ್ಚಗಾಗಿತ್ತು. ಮಗಳು ಮೌಸು ಬಿಟ್ಟು ಸ್ವಲ್ಪ ಹೊತ್ತು ನೋಡಿದಳು. "ಅಪ್ಪ, ಅಜ್ಜಿಮನೆ ಅಡುಗೆಮನೆ ಥರ ಇದೆ ಅಲ್ವಾ?" ಅಂದಳು. ನಾನು ಹೆಂಚಿನ ಉದಾಹರಣೆ ಕೊಟ್ಟಾಗ ಅವಳು ಮನೆಯಲ್ಲೇ ಇರಲಿಲ್ಲ.

ಇನ್ನು ಆ 1060. ಎನ್ವಿಡಿಯಾದವರು 2025ರ ಅಕ್ಟೋಬರಿನ ನಂತರ ಅದಕ್ಕೆ ಹೊಸ ಆಟಗಳ ಡ್ರೈವರ್ ಕೊಡುವುದನ್ನು ನಿಲ್ಲಿಸಿದ್ದಾರೆ, ಸುರಕ್ಷತೆಯ ತೇಪೆಗಳು ಮಾತ್ರ 2028ರ ಅಕ್ಟೋಬರಿನವರೆಗೆ ಬರುತ್ತವಂತೆ. ಹಳೇ ಆಟಗಳಿಗೆ ಈಗಲೂ ಗಟ್ಟಿ ಆಳು. ಸಾಗರದಲ್ಲಿರುವ ಅಣ್ಣನ ಮಗನಿಗೆ ಫೋನು ಮಾಡಿದಾಗ, "ಚಿಕ್ಕಪ್ಪ, ನಂಗೇ ತಂದ್ಕೊಡಿ, ನಂದ್ರಲ್ಲಿ ಕಾರ್ಡೇ ಇಲ್ಲ" ಅಂದ. ಫ್ಯಾನಿನ ಧೂಳು ಬ್ರಶ್ಶಿನಿಂದ ತೆಗೆದು, ಹೊಸ ಕಾರ್ಡು ಬಂದಿದ್ದ ಬೂದು ಬಣ್ಣದ ಚೀಲದಲ್ಲೇ ಅದನ್ನು ಹಾಕಿಟ್ಟಿದ್ದೇನೆ, ಮುಂದಿನ ಸಲ ಊರಿಗೆ ಹೋಗುವಾಗ ಕೈಚೀಲದಲ್ಲಿ ಒಯ್ಯಬೇಕು. ಅವನ ಪವರ್ ಸಪ್ಲೈ ಎಷ್ಟು ವಾಟಿಂದು, ಆರು ಪಿನ್ನಿನ ವೈರು ಇದೆಯಾ ಅಂತ ಕೇಳಿದ್ದೇನೆ. ಮಳೆ, ಕರೆಂಟಿಲ್ಲ, ಬಂದ ಮೇಲೆ ಬಿಚ್ಚಿ ನೋಡಿ ಫೋಟೋ ಕಳಿಸ್ತೀನಿ ಅಂದಿದ್ದಾನೆ.